ಪಾಳುಬಿದ್ದ ಪಾಮ್ ತೋಟ ಕಣ್ಣಿಗೆ ಬಿದ್ದರೆ: ಮೊದಲು ಪಟ್ಟಿ, ಆಮೇಲೆ ಕತ್ತಿ

ನಗರದ ಹಳೆಯ ಪಾರ್ಕುಗಳ ಹಿಂಬದಿಯಲ್ಲಿ, ಪಂಪ್‌ಹೌಸ್ ಪಕ್ಕದಲ್ಲೋ ನಿಂತುಹೋದ ಕಾರಂಜಿಯ ಸುತ್ತಲೋ, ಯಾರೋ ಆಸ್ಥೆಯಿಂದ ನೆಟ್ಟು ಆಮೇಲೆ ಯಾರೂ ತಿರುಗಿ ನೋಡದ ಪಾಮ್ ಗುಂಪುಗಳು ಸಿಗುತ್ತವೆ. ನಿರ್ಲಕ್ಷ್ಯವನ್ನು ಅವು ವರ್ಷಗಟ್ಟಲೆ ತಡೆದುಕೊಳ್ಳುತ್ತವೆ. ಒಂದು ಭಾನುವಾರದ ಉತ್ಸಾಹದ ಸ್ವಚ್ಛತಾ ಕಾರ್ಯವನ್ನು ಎಷ್ಟೋ ಸಲ ತಡೆಯುವುದಿಲ್ಲ. ಒಂದು ಕಾಂಡಕ್ಕೆ ಇರುವುದು ಒಂದೇ ಸುಳಿ, ಅದು ಹೋದರೆ ಕಾಂಡವೇ ಹೋಯಿತು. ಮಾವು ಹೊಂಗೆಗಳಂತೆ ಗಾಯದ ಮೇಲೆ ತೊಗಟೆ ಬೆಳೆದು ಮುಚ್ಚುವುದೂ ಇಲ್ಲ. ಇವತ್ತು ಹೊಡೆದ ಮೊಳೆಯ ತೂತು ಮರ ಸಾಯುವವರೆಗೂ ತೂತಾಗಿಯೇ ಇರುತ್ತದೆ.

ಹುಡುಕುವುದಕ್ಕೆ ಉಪಗ್ರಹ ಚಿತ್ರ ಸಾಕು. ಮೇಲಿನಿಂದ ಪಾಮ್ ತಲೆ ನಕ್ಷತ್ರದಂತೆ ಕಾಣುತ್ತದೆ. ಅಂಥ ನಕ್ಷತ್ರಗಳು ಸಮ ಅಂತರದ ಸಾಲಿನಲ್ಲೋ ವೃತ್ತದಲ್ಲೋ ಇದ್ದರೆ ಅದು ಯೋಜಿಸಿ ನೆಟ್ಟದ್ದು. ಹೋಗುವ ಮುನ್ನ ಲಾಲ್‌ಬಾಗ್‌ನಲ್ಲಿ ಅರ್ಧ ದಿನ ಸುತ್ತಿ ಕಣ್ಣು ಪಳಗಿಸಿಕೊಳ್ಳಿ, ಅಲ್ಲಿ ಹೆಸರು ಬರೆದ ಮರಗಳು ಬೇಕಾದಷ್ಟಿವೆ.

ಪಟ್ಟಿ ಮಾಡುವ ಬಗೆ

ಬೇಕಾದದ್ದು 30 ಮೀಟರ್ ಟೇಪು, ಬೈನಾಕ್ಯುಲರ್, ಚೌಕುಳಿ ಹಾಳೆ, ಪೆನ್ಸಿಲ್. ಫೋನಿನ ಜಿಪಿಎಸ್ ಮರದ ನೆರಳಲ್ಲಿ ಹಲವು ಮೀಟರ್ ತಪ್ಪುತ್ತದೆ. ಹತ್ತಿರ ಹತ್ತಿರ ನೆಟ್ಟ ಮರಗಳು ಅದರಲ್ಲಿ ಕಲಸಿಹೋಗುತ್ತವೆ. ಆದ್ದರಿಂದ ಕದಲದ ಎರಡು ಗುರುತು ಹಿಡಿಯಿರಿ, ಕಾರಂಜಿಯ ಮೂಲೆ ಮತ್ತು ಗೇಟಿನ ಕಂಬ ಅಂದುಕೊಳ್ಳಿ. ಎರಡರಿಂದಲೂ ಪ್ರತಿ ಮರಕ್ಕೆ ಟೇಪು ಎಳೆದು ದೂರ ಬರೆಯಿರಿ. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಿರಿ. ಒಂದೊಂದು ಮರಕ್ಕೂ ಇಡೀ ಮರ, ತಲೆ, ಗರಿಯ ಬುಡ, ಕಾಂಡ, ಗರಿದಂಡಕ್ಕೆ ಎಲೆ ಅಂಟಿದ ಜಾಗ ಹೀಗೆ ಐದು ಫೋಟೊ, ಕಾಯಿ ಇದ್ದರೆ ಆರನೆಯದು.

ನಂಬರ್ ಬಿಲ್ಲೆಗೆ ಅಲ್ಯೂಮಿನಿಯಂ ತಗಡು ಒಳ್ಳೆಯದು. ಮೊಳೆ ಬೇಡ, ಸಡಿಲವಾದ ತಂತಿಯ ಬಳೆ ಹಾಕಿ ತೂಗಿಬಿಡಿ.

ಜಾತಿ ಗುರುತಿಸುವುದು

ಎಲ್ಲಕ್ಕಿಂತ ಉಪಯುಕ್ತ ಗುರುತು ಎಲೆಯ ಮಡಿಕೆ. ಗರಿದಂಡಕ್ಕೆ ಎಲೆ ಕೂಡುವಲ್ಲಿ ಬೆರಳಿಟ್ಟು ನೋಡಿ. ಎಲೆ ದೋಣಿಯಂತೆ ಮೇಲಕ್ಕೆ ತೆರೆದಿದೆಯೋ, ಮನೆಯ ಮಾಡಿನಂತೆ ಕೆಳಕ್ಕೆ ಬಾಗಿದೆಯೋ? ತೆಂಗು, ಅಡಿಕೆ, ರಾಯಲ್ ಪಾಮ್ ಎಲ್ಲ ಮಾಡಿನ ಕಡೆಯವು. ಉದ್ದ ಗರಿ ಇದ್ದೂ ಮಡಿಕೆ ದೋಣಿಯಂತಿದ್ದು, ಗರಿಯ ಬುಡದ ಎಲೆಗಳು ಗಟ್ಟಿ ಮುಳ್ಳಾಗಿದ್ದರೆ ಅದು ಈಚಲಿನ ಬಳಗ. ಎಲೆ ಮೀನಿನ ಬಾಲದಂತೆ ಹರಿದಿದ್ದು, ಗರಿಯೇ ಮತ್ತೆ ಕವಲೊಡೆದಿದ್ದರೆ ಬೈನೆ. ಕಾಂಡದ ಮೇಲೆ ಅಡಿಕೆ ಹಾಳೆಯಂತೆ ಸುತ್ತಿಕೊಂಡ ನುಣುಪು ಹಸಿರು ಕೊಳವೆ ಇದ್ದು ಕಾಂಡ ನಡುವೆ ಉಬ್ಬಿದ್ದರೆ ರಾಯಲ್ ಪಾಮ್. ನಮ್ಮ ನರ್ಸರಿಗಳಲ್ಲಿ ಇದನ್ನೇ ಬಾಟಲ್ ಪಾಮ್ ಎಂದು ಮಾರುತ್ತಾರೆ, ನಿಜವಾದ ಬಾಟಲ್ ಪಾಮ್ ಮಾರಿಷಸ್ ಕಡೆಯ ಗಿಡ್ಡ ಮರ. ಬೀಸಣಿಗೆ ಎಲೆಯವುಗಳಲ್ಲಿ ದಂಟಿನ ಅಂಚು ನೋಡಿ: ಲಿವಿಸ್ಟೋನಕ್ಕೆ ಮುಳ್ಳಿರುತ್ತದೆ, ಸಬಾಲ್‌ಗೆ ಇರುವುದಿಲ್ಲ.

ಸೈಕಾಸ್, ಕೇದಗೆ, ಟ್ರಾವೆಲರ್ಸ್ ಪಾಮ್ ಇವು ಪಾಮ್‌ಗಳೇ ಅಲ್ಲ. ಆದರೂ ಪಟ್ಟಿಯಲ್ಲಿರಲಿ.

ಹಳೆಯ ಹೆಸರು ಹಲಗೆ ಸಿಕ್ಕರೆ ಎಸೆಯಬೇಡಿ. ಅರಿಕಾ ಪಾಮ್‌ನ ಹಲಗೆಯಲ್ಲಿ 'ಕ್ರಿಸಲಿಡೊಕಾರ್ಪಸ್' ಎಂದಿದ್ದರೆ ಹಳತಾಯಿತು ಎಂದು ಅಳಿಸುವವರಿದ್ದಾರೆ. ನಡುವೆ ಡಿಪ್ಸಿಸ್ ಎಂದಾಗಿದ್ದ ಆ ಕುಲ 2022ರಲ್ಲಿ ಮತ್ತೆ ಕ್ರಿಸಲಿಡೊಕಾರ್ಪಸ್‌ಗೇ ಮರಳಿತು.

ಕಾಂಡ ಓದುವುದು

ಪಾಮ್ ಕಾಂಡ ಒಮ್ಮೆ ಎತ್ತರಕ್ಕೆ ಬೆಳೆದ ಮೇಲೆ ಆ ಜಾಗದಲ್ಲಿ ಮತ್ತೆ ಹೆಚ್ಚು ದಪ್ಪವಾಗುವುದಿಲ್ಲ. ನೀರು ಗೊಬ್ಬರ ತಪ್ಪಿದ ವರ್ಷಗಳಲ್ಲಿ ಬೆಳೆದ ಭಾಗ ಸಣ್ಣದಾಗಿಯೇ ಉಳಿಯುತ್ತದೆ. ಒಂದೇ ಜಾತಿಯ ಹತ್ತು ಮರಗಳಲ್ಲಿ ಸರಿಸುಮಾರು ಒಂದೇ ಎತ್ತರಕ್ಕೆ ಸೊಂಟ ಕಿರಿದಾಗಿದ್ದರೆ ತೋಟದ ಆರೈಕೆ ನಿಂತದ್ದು ಆಗಲೇ. ಅದರ ಮೇಲೆ ಕಾಂಡ ಮತ್ತೆ ತುಂಬಿಕೊಂಡಿದ್ದರೆ ಮರ ಬೇರೆಲ್ಲೋ ನೀರು ಕಂಡುಕೊಂಡಿದೆ. ಸೋರುವ ಪೈಪೋ ಮೋರಿಯೋ ಇರಬಹುದು, ಅದನ್ನು ರಿಪೇರಿ ಮಾಡಿಸಿದರೆ ಬದಲಿ ನೀರು ಕೊಡಬೇಕಾಗುತ್ತದೆ. ತುದಿಯ ಕಡೆಗೆ ಕಾಂಡ ಪೆನ್ಸಿಲ್ ಮೊನೆಯಂತೆ ಸಣ್ಣಗಾಗುತ್ತ ಹೋದರೆ ಆ ಮರಕ್ಕೆ ಮೊದಲ ಸರದಿ.

ಕತ್ತರಿಸುವುದು

ಪೂರ್ತಿ ಒಣಗಿ ಜೋತುಬಿದ್ದ ಗರಿ ಮಾತ್ರ ತೆಗೆಯಿರಿ. ಗರಿಗಳು ಹೊರಡುವ ಮಟ್ಟದಲ್ಲಿ ನೆಲಕ್ಕೆ ಸಮಾನಾಂತರವಾಗಿ ಒಂದು ಅಡ್ಡಗೆರೆ ಊಹಿಸಿಕೊಳ್ಳಿ, ಅದಕ್ಕಿಂತ ಮೇಲಿರುವ ಒಂದು ಹಸಿರು ಗರಿಯನ್ನೂ ಮುಟ್ಟಬೇಡಿ. ಹಳದಿ ಗರಿ ಕೊಯ್ಯುವ ಚಪಲ ಎಲ್ಲರಿಗೂ ಇರುತ್ತದೆ. ಪೊಟ್ಯಾಷ್ ಕೊರತೆಯಿರುವ ಮರ ಹಳೆಯ ಗರಿಯಿಂದಲೇ ಪೊಟ್ಯಾಷ್ ಹೀರಿ ಹೊಸ ಸುಳಿಗೆ ಕೊಡುತ್ತಿರುತ್ತದೆ. ಅದನ್ನು ಕೊಯ್ದರೆ ಮೇಲಿನ ಗರಿ ಹಳದಿಯಾಗುತ್ತದೆ, ಅದನ್ನೂ ಕೊಯ್ದರೆ ಅದರ ಮೇಲಿನದು. ಸಾಲದ್ದಕ್ಕೆ ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ಕಾಂಡದಲ್ಲಿ ತೂತು, ಕಂದು ಅಂಟು ಸೋರಿಕೆ, ಅಗಿದ ನಾರು, ಹುಳಿ ವಾಸನೆ ಕಂಡರೆ ಕಾಯಬೇಡಿ, ತೋಟಗಾರಿಕೆ ಇಲಾಖೆಯವರನ್ನು ಕರೆಸಿ. ಬಿಚ್ಚಿದ ಗರಿ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತಿದ್ದರೆ ಅದು ಕುರುವಾಯಿ ದುಂಬಿ. ಅದರ ಮರಿಗಳು ಬೆಳೆಯುವುದು ಗೊಬ್ಬರ ಗುಂಡಿಯಲ್ಲಿ, ಕೊಳೆತ ಬೊಡ್ಡೆಯಲ್ಲಿ. ಹಾಗಾಗಿ ಬಿದ್ದ ಕಾಂಡವನ್ನು ತೋಟದಿಂದ ಹೊರಗೆ ಸಾಗಿಸುವುದೇ ಅರ್ಧ ಚಿಕಿತ್ಸೆ.

ಈಚಲಿನ ಗರಿಬುಡಗಳ ಸಂದಿಯಲ್ಲಿ ಅರಳಿ, ಗೋಣಿ ಮೊಳೆತಿರುತ್ತವೆ. ಬೆರಳು ದಪ್ಪದೊಳಗಿದ್ದರೆ ಮಳೆ ಬಂದ ಮರುದಿನ ಬೇರುಸಮೇತ ಕಿತ್ತುಬಿಡಬಹುದು. ಬೇರು ಕಾಂಡ ಸುತ್ತಿ ನೆಲ ಮುಟ್ಟಿದ್ದರೆ ಎಳೆಯಬೇಡಿ, ಗರಗಸದಿಂದ ತುಂಡರಿಸಿ ಅಲ್ಲೇ ಒಣಗಲು ಬಿಡಿ.

ಬುಡ ಮತ್ತು ಗೊಬ್ಬರ

ಕಾಂಡಕ್ಕೆ ಒರಗಿಸಿದ ಮಣ್ಣು, ಸಿಮೆಂಟ್ ಕಟ್ಟೆ, ಕಟ್ಟಡದ ಅವಶೇಷ ಎಲ್ಲ ತೆಗೆಸಿ. ಸುಣ್ಣ ಸಿಮೆಂಟಿನಿಂದ ಮಣ್ಣು ಕ್ಷಾರವಾದರೆ ಬೇರಿಗೆ ಮ್ಯಾಂಗನೀಸ್ ಸಿಗದೆ ಹೊಸ ಗರಿ ಸುಟ್ಟಂತೆ ಮುದುಡುತ್ತದೆ. ಹಳೆ ಗರಿಯ ಮೇಲೆ ಕಿತ್ತಳೆ ಚುಕ್ಕಿ ಬಂದು ತುದಿ ಒಣಗಿದರೆ ಪೊಟ್ಯಾಷ್, ಅಂಚು ಹಳದಿಯಾಗಿ ನಡುವೆ ಹಸಿರು ಉಳಿದರೆ ಮೆಗ್ನೀಸಿಯಂ ಕೊರತೆ.

ಫಸಲು ಕೊಡುವ ತೆಂಗಿಗೆ ವರ್ಷಕ್ಕೆ 2 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅರ್ಧ ಕೆ.ಜಿ. ಮೆಗ್ನೀಸಿಯಂ ಸಲ್ಫೇಟ್ ಲೆಕ್ಕ. ಸೊರಗಿದ ದೊಡ್ಡ ಪಾಮ್‌ಗೆ ಮೊದಲ ವರ್ಷ ಅದರರ್ಧ ಸಾಕು: ಮೂರನೇ ಒಂದು ಪಾಲು ಮುಂಗಾರಿನ ಆರಂಭದಲ್ಲಿ, ಉಳಿದದ್ದು ಸೆಪ್ಟೆಂಬರ್‌ನಲ್ಲಿ. ಬುಡಕ್ಕೆ ಸುರಿಯದೆ ಸುತ್ತ 1.8 ಮೀಟರ್‌ವರೆಗೆ ಚೆಲ್ಲಿ, ತರಗೆಲೆ ಮುಚ್ಚಿ. ಪೊಟ್ಯಾಷ್ ಒಂದನ್ನೇ ಸುರಿದರೆ ಮೆಗ್ನೀಸಿಯಂ ಕೊರತೆ ಏಳುತ್ತದೆ. ಬುಡದಲ್ಲಿ ಗಟ್ಟಿ ಅಣಬೆ ಕಪಾಟಿನಂತೆ ಮೂಡಿದ್ದರೆ ಅದು ಅಣಬೆ ರೋಗ, ಗೊಬ್ಬರ ದಂಡ. ಆ ಮರ ಬೀಳಬಹುದು, ಸುತ್ತ ಹಗ್ಗ ಕಟ್ಟಿ ಜನ ಓಡಾಡದಂತೆ ಮಾಡಿ.

ಅನುಮತಿ

ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು. ಬಡಾವಣೆ ಪಾರ್ಕುಗಳು ಸಾಮಾನ್ಯವಾಗಿ ನಗರ ಪಾಲಿಕೆಯವು. ಕತ್ತಿ ಎತ್ತುವ ಮೊದಲು ಲಿಖಿತ ಒಪ್ಪಿಗೆ ಪಡೆಯಿರಿ. ನೆಟ್ಟ ದಾಖಲೆ, ಹಳೆ ನಕ್ಷೆ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಪಾರ್ಕಿನ ಎಲ್ಲ ದಾಖಲೆ' ಎಂದು ಕೇಳಿದರೆ ಅರ್ಜಿ ವಾಪಸ್ ಬರುತ್ತದೆ.

ಸಾಯುವ ಮರ, ಬೀಜ

ಎಲ್ಲ ಸಾವೂ ರೋಗವಲ್ಲ. ಶ್ರೀತಾಳೆ 30ರಿಂದ 80 ವರ್ಷ ಬೆಳೆದು, ತಲೆಯ ಮೇಲೆ ಬೃಹತ್ ಹೊಂಬಾಳೆ ಒಮ್ಮೆ ಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುತ್ತದೆ. ಬೈನೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೊನೆ ಬಿಡುತ್ತ ಬಂದು ಕೊನೆಯದು ಮುಗಿದಾಗ ಒಣಗುತ್ತದೆ. ಇವಕ್ಕೆ ಔಷಧಿ ಹೊಡೆಯುವುದು ವ್ಯರ್ಥ, ಬೀಜ ಹಿಡಿಯಿರಿ. ಬೈನೆ ಹಣ್ಣಿನ ತಿರುಳು ಬರಿಗೈಗೆ ಭಯಂಕರ ತುರಿಕೆ, ರಬ್ಬರ್ ಕೈಗವಸು ಹಾಕಿ ತೊಳೆಯಿರಿ. ಬೀಜ ಒಣಗಿಸಿಡದೆ ಹಸಿಯಾಗಿಯೇ ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಬಿತ್ತಿ. ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆದಕಿ ನೋಡಬೇಡಿ. ತಾಟಿನಿಂಗು ಬಿಡುವ ತಾಳೆಯನ್ನು ಮಾತ್ರ ನರ್ಸರಿ ಚೀಲದಲ್ಲಿ ಬಿತ್ತಬೇಡಿ. ಅದರ ಮೊಳಕೆ ಮೊದಲು ನೆಲದಾಳಕ್ಕೆ ನೇರ ಇಳಿಯುತ್ತದೆ, ಚೀಲದ ತಳ ಸಿಕ್ಕರೆ ಸುರುಳಿ ಸುತ್ತಿ ಕೆಡುತ್ತದೆ. ಮರ ಎಲ್ಲಿ ಬೇಕೋ ಅಲ್ಲೇ ಗುಂಡಿಯ ಮಣ್ಣು ಸಡಿಲಿಸಿ ಬೀಜ ಊರಿ, ಹುಲ್ಲು ಕತ್ತರಿಸುವವರಿಗೆ ಕಾಣುವಂತೆ ಸುತ್ತ ಮೂರು ಗೂಟ ನೆಡಿ.