ಬಾಗೇಪಲ್ಲಿಯಿಂದ ಲಂಡನ್ನಿಗೆ ಸಾರ್ವಜನಿಕ ಆರೋಗ್ಯ ಓದಲು: ಹಣದ ಜೊತೆಗೆ ತಾರೀಖನ್ನೂ ಹೊಂದಿಸಿ

ನಮ್ಮ ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಹಲ್ಲಿನ ಮೇಲಿನ ಕಂದು ಗೆರೆ ಕಾಣಬಾರದೆಂದು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್, ಹಲ್ಲು ಮೂಡುವ ಮೊದಲೇ ಮಾಡಿಟ್ಟ ಗುರುತು ಅದು. ನಾನು ದಂತವೈದ್ಯೆ. ಚಿಂತಾಮಣಿಯ ಖಾಸಗಿ ಕ್ಲಿನಿಕ್ಕೊಂದರಲ್ಲಿ ಮೂರು ವರ್ಷ ಕೆಲಸ ಮಾಡುವಷ್ಟರಲ್ಲಿ, ಕುರ್ಚಿಯಲ್ಲಿ ಕೂತವರ ಹಲ್ಲಿಗಿಂತ ಮೊದಲು ಅವರ ಊರಿನ ನೀರಿಗೆ ಮದ್ದಾಗಬೇಕು ಎಂದು ಮನಸ್ಸಿಗೆ ನಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹೋಗಿ, ಒಂದು ವರ್ಷದ ಸಾರ್ವಜನಿಕ ಆರೋಗ್ಯ ಎಂಎಸ್ಸಿ ಮುಗಿಸಿ ಬಂದೆ. ಅಪ್ಪ ಹಿಪ್ಪುನೇರಳೆ ಬೆಳೆದು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಂಬಿ ನಮ್ಮನ್ನು ಸಾಕಿದವರು. ನಮ್ಮ ಮನೆಯಲ್ಲಿ ಯಾರ ಬಳಿಯೂ ಪಾಸ್‌ಪೋರ್ಟ್ ಇರಲಿಲ್ಲ.

ಈಗ ಜಿಲ್ಲೆಯ ನರ್ಸಿಂಗ್, ಬಿಡಿಎಸ್, ಆಯುರ್ವೇದ ಓದಿದ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಎಷ್ಟು ದುಡ್ಡು ಬೇಕಾಗುತ್ತದೆ?" ಎಂದು ಕೇಳುತ್ತಾರೆ. ಯಾವ ತಾರೀಖಿಗೆ ಎಷ್ಟು ಬೇಕು ಎಂದು ಕೇಳಿ ಎನ್ನುತ್ತೇನೆ. ನಮ್ಮಂಥ ಮನೆಗಳಲ್ಲಿ ಹಣ ಹೇಗೋ ಹುಟ್ಟುತ್ತದೆ, ಗೂಡು ಮಾರಿಯೋ, ಚಿನ್ನ ಇಟ್ಟೋ, ಚಿಕ್ಕಪ್ಪನ ಕೈ ಹಿಡಿದೋ. ಆದರೆ ಅದು ಬೇಕಾದ ದಿನಕ್ಕೆ ಹುಟ್ಟುವುದಿಲ್ಲ. ನಾನು ಪಟ್ಟ ಪಾಡೆಲ್ಲ ಅಲ್ಲಿಯೇ.

ಮೊದಲು, ಲಂಡನ್ನೇ ಬೇಕೇ ಎಂದು ಯೋಚಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎಂಪಿಎಚ್ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ಈ ಪದವಿ ಕಲಿಸುವುದರಲ್ಲಿ ದೇಶಕ್ಕೇ ಹಿರಿಯದು. ಮುಂಬೈ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಇದೆ. ಇಲ್ಲಿ ಓದಿದವರು ಯಾರಿಗೂ ಕಡಿಮೆಯಲ್ಲ. ನನಗೆ ವಿಶ್ವವಿದ್ಯಾಲಯದಿಂದ ಅರ್ಧ ಶುಲ್ಕದ ವಿದ್ಯಾರ್ಥಿವೇತನ ಸಿಕ್ಕಿತು, ಅದಕ್ಕೇ ಹೋದೆ. ಪೂರ್ತಿ ಶುಲ್ಕ ಕೊಡಬೇಕಾಗಿದ್ದರೆ ಹೋಗುತ್ತಿರಲಿಲ್ಲ, ನಿಮಗೂ ಹೋಗಿ ಎನ್ನಲಾರೆ.

ಹೊರಡುವ ಸೆಪ್ಟೆಂಬರ್‌ಗೆ ಹದಿನೈದು ತಿಂಗಳು ಮೊದಲೇ ಕೆಲಸ ಶುರುವಾಗಬೇಕು. ಅಂದರೆ ಹಿಂದಿನ ವರ್ಷದ ಜೂನ್. ಆ ತಿಂಗಳು ನಿಮ್ಮ ಹೆಸರನ್ನು ಸರಿಪಡಿಸಿಕೊಳ್ಳಿ. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಮೂರೂ ಒಬ್ಬಳೇ ಎಂದು ನೋಟರಿಯಿಂದ ಪ್ರಮಾಣಪತ್ರ ಮಾಡಿಸಿ, ಸ್ಕ್ಯಾನ್ ಮಾಡಿಟ್ಟುಕೊಂಡೆ. ಮುಂದೆ ಬ್ಯಾಂಕಿನಲ್ಲೂ ವೀಸಾ ಅರ್ಜಿಯಲ್ಲೂ ಅದು ಬೇಕಾಯಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವೀಧರರಾದರೆ ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ಗೂ ಈಗಲೇ ಅರ್ಜಿ ಹಾಕಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡು ವರ್ಷ ಊರ್ಜಿತ, ಆದ್ದರಿಂದ ಬೇಗ ಬರೆದರೆ ನಷ್ಟವಿಲ್ಲ. ನಾನು ಏಳನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ದಿನವೂ ಒಂದು ಗಂಟೆ ಇಂಗ್ಲಿಷ್ ಬರೆದು ಬರೆದು ಕೈ ಪಳಗಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು.

ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದ ಅರ್ಜಿ ತೆರೆಯುತ್ತದೆ, ಅಕ್ಟೋಬರ್ ಹೊತ್ತಿಗೆ ಮುಚ್ಚುತ್ತದೆ. ಶುಲ್ಕ, ವಾಸ, ಪ್ರಯಾಣ ಎಲ್ಲವನ್ನೂ ಅದು ಭರಿಸುತ್ತದೆ. ಪದವಿಯ ನಂತರ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತಾರೆ, ಮತ್ತು ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು. ಸಂಬಳವಿಲ್ಲದ ಸೇವೆಯೂ ಗಂಟೆಯ ಲೆಕ್ಕಕ್ಕೆ ಬರುತ್ತದೆ. ಶಾಲೆಗಳಲ್ಲಿ ನಾನು ಮಾಡಿದ ಭಾನುವಾರದ ದಂತ ತಪಾಸಣೆಯನ್ನೆಲ್ಲ ಸೇರಿಸಿದೆ. ನನಗೆ ಅದು ಸಿಗಲಿಲ್ಲ. ಹಾಗಿದ್ದರೂ ಅದಕ್ಕಾಗಿ ಬರೆದ ಪ್ರಬಂಧಗಳೇ ಕೋರ್ಸಿನ ಅರ್ಜಿಗೆ ಬುನಾದಿಯಾದವು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನೂ ಇದೇ ಹೊತ್ತಿನಲ್ಲಿ ನೋಡಿ.

ಅರ್ಜಿಯ ಜೀವ ಇರುವುದು ನಮ್ಮ ಬಗ್ಗೆ ನಾವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ. "ಚಿಕ್ಕಂದಿನಿಂದಲೂ ಜನಸೇವೆಯ ಹಂಬಲವಿತ್ತು" ಎಂದು ಆರಂಭಿಸಿದ್ದ ನನ್ನ ಮೊದಲ ಕರಡನ್ನು ಕಾಲೇಜಿನ ಹಿರಿಯ ಮೇಡಂ ಒಬ್ಬರು ಓದಿ, "ಈ ಮಾತನ್ನು ಯಾವ ಊರಿನವರು ಬೇಕಾದರೂ ಬರೆಯಬಹುದು. ನೀನು ಮಾತ್ರ ಬರೆಯಬಹುದಾದದ್ದು ಏನಿದೆಯಮ್ಮ?" ಎಂದು ಕೇಳಿದರು. ಎರಡು ದಿನ ಏನೂ ತೋಚಲಿಲ್ಲ. ಆಮೇಲೆ ಶಾಲಾ ತಪಾಸಣೆಯ ನೋಟುಬುಕ್ಕು ನೆನಪಾಯಿತು. ಮಗುವಿನ ವಯಸ್ಸು, ಹಲ್ಲಿನ ಕಲೆಯ ಪ್ರಮಾಣ, ಮನೆಗೆ ಯಾವ ಕೊಳವೆಬಾವಿಯ ನೀರು, ಐದು ರೂಪಾಯಿ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಊರಿನಲ್ಲಿದೆಯೇ, ಇದ್ದರೆ ಕೆಟ್ಟು ಎಷ್ಟು ದಿನವಾಯಿತು, ಇವನ್ನೆಲ್ಲ ಅದರಲ್ಲಿ ಗೀಚಿಟ್ಟಿದ್ದೆ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು ಎಂಬ ಮಿತಿ ಎಲ್ಲ ಪುಸ್ತಕಗಳಲ್ಲೂ ಇದೆ. ಘಟಕ ಕೆಟ್ಟ ವಾರ ತಾಯಂದಿರು ಮತ್ತೆ ಬೋರ್‌ವೆಲ್ ನೀರಿಗೇ ಮರಳುತ್ತಾರೆ ಎಂಬುದು ನನ್ನ ನೋಟುಬುಕ್ಕಿನಲ್ಲಿತ್ತು. ಅದನ್ನೇ ಬರೆದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಯಾವ ಲೆಕ್ಕಾಚಾರ, ಯಾವ ವಿಧಾನ ಬರುವುದಿಲ್ಲ, ನಿಮ್ಮ ಕೋರ್ಸಿನ ಯಾವ ಪತ್ರಿಕೆಯಲ್ಲಿ ಅದನ್ನು ಕಲಿಯುತ್ತೇನೆ ಎಂದು ಹೆಸರು ಹಿಡಿದು ಬರೆದೆ. ನೀವು ಸಮುದಾಯ ಆರೋಗ್ಯ ಅಧಿಕಾರಿಯೋ, ಆಸ್ಪತ್ರೆಯ ನರ್ಸೋ ಆಗಿದ್ದರೆ ನಿಮ್ಮ ರಿಜಿಸ್ಟರಿನಲ್ಲೇ ಇಂಥದ್ದೊಂದು ಇದ್ದೇ ಇರುತ್ತದೆ. ಹುಡುಕಿ.

ಶಿಫಾರಸು ಪತ್ರಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು. ದೊಡ್ಡ ಹುದ್ದೆಯವರಿಗಿಂತ ನಿಮ್ಮ ಕೆಲಸ ಕಂಡವರನ್ನು ಕೇಳಿ, ಮತ್ತು ನೀವು ಮಾಡಿದ್ದನ್ನು ಒಂದು ಪುಟದಲ್ಲಿ ಬರೆದುಕೊಡಿ.

ಈಗ ಲೆಕ್ಕ. ವಿದೇಶಿ ವಿದ್ಯಾರ್ಥಿಗಳಿಗೆ ಲಂಡನ್ನಿನಲ್ಲಿ ಇಂಥ ಕೋರ್ಸಿನ ಶುಲ್ಕ 30 ಸಾವಿರ ಪೌಂಡ್ ಆಸುಪಾಸು ಇರುತ್ತದೆ. ಆಗ ಪೌಂಡಿಗೆ ಸುಮಾರು 110 ರೂಪಾಯಿ. ಅರ್ಧ ಶುಲ್ಕ, ವರ್ಷದ ವಾಸ, ವೀಸಾ, ವಿಮಾನ ಎಲ್ಲ ಸೇರಿ ನನಗೆ 34 ಲಕ್ಷ ತಗುಲಿತು. 25 ಲಕ್ಷ ಬ್ಯಾಂಕ್ ಸಾಲ, 4 ಲಕ್ಷ ನನ್ನ ಉಳಿತಾಯ, ಉಳಿದದ್ದು ಅಪ್ಪ ಮತ್ತು ಚಿಕ್ಕಪ್ಪನದು. ಶೇ. 10ರ ಬಡ್ಡಿಗೆ 15 ವರ್ಷದ ಅವಧಿಯಾದರೆ 25 ಲಕ್ಷಕ್ಕೆ ತಿಂಗಳ ಕಂತು ಸುಮಾರು 27 ಸಾವಿರ. ಓದುವ ಅವಧಿಯ ಬಡ್ಡಿ ಬೇರೆ. ಈ ಅಂಕಿಯನ್ನು ಒಂದು ಕಾಗದದ ಮೇಲೆ ದಪ್ಪಗೆ ಬರೆದು, ಊಟಕ್ಕೆ ಕೂತಾಗ ಮನೆಯವರೆಲ್ಲರ ಮುಂದೆ ಇಟ್ಟು ಮಾತಾಡಿ. ನಾನು ಹಾಗೆಯೇ ಮಾಡಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಕಂತು ಕಟ್ಟುವವಳು ನೀನೇ ತಾನೆ? ಹಾಗಾದರೆ ನಿರ್ಧಾರವೂ ನಿನ್ನದೇ" ಎಂದರು.

ಸಾಲದ ವಿಚಾರದಲ್ಲಿ ನಿಧಾನವಾಗಿ ಓದಿ. 7.5 ಲಕ್ಷ ಮೀರಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ, ವಿದೇಶದ ಓದಾದರೆ ಶೇ. 15 ಪಾಲು ನಮ್ಮ ಕೈಯಿಂದ ಇರಬೇಕು ಎನ್ನುತ್ತವೆ. ವಿದ್ಯಾರ್ಥಿವೇತನವನ್ನು ಆ ಪಾಲಿಗೆ ಸೇರಿಸಿಕೊಳ್ಳಿ ಎಂದು ನೀವಾಗಿಯೇ ಕೇಳಬೇಕು. ನಮ್ಮ ಎರಡೂವರೆ ಎಕರೆ ಹಿಪ್ಪುನೇರಳೆ ತೋಟ ಬ್ಯಾಂಕಿಗೆ ಬೇಡವಾಯಿತು, ಕೃಷಿ ಜಮೀನು ಎಂಬ ಕಾರಣಕ್ಕೆ. ಹಳ್ಳಿಯ ಮನೆಯ ಕಾಗದ ತೆಗೆದರೆ ಪಂಚಾಯಿತಿ ಆಸ್ತಿಗಳ ದಾಖಲೆಯಾದ ಇ-ಸ್ವತ್ತಿನಲ್ಲಿ ಅದು ನಮೂನೆ 11ಬಿ, ಅಂದರೆ ಪೂರ್ತಿ ಅಧಿಕೃತವಲ್ಲದ ಆಸ್ತಿ, ಎಂದಿತ್ತು. ನಮೂನೆ 9 ಮತ್ತು 11ಎ ಇದ್ದರಷ್ಟೇ ಮುಂದಿನ ಮಾತು ಎಂದರು ಬ್ಯಾಂಕಿನವರು. ಕೊನೆಗೆ ಚಿಕ್ಕಬಳ್ಳಾಪುರ ಪಟ್ಟಣದಲ್ಲಿರುವ ಸೋದರತ್ತೆಯ ಮನೆ ನಮ್ಮನ್ನು ಕಾಪಾಡಿತು. ಅದಕ್ಕೆ ನಗರಸಭೆಯ ಇ-ಖಾತೆ ಇತ್ತು. ಋಣಭಾರ ಪ್ರಮಾಣಪತ್ರ (ಇಸಿ), ತೆರಿಗೆ ರಸೀದಿ, ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ ಎಲ್ಲ ಮುಗಿಯಲು ಏಳು ವಾರ. ವಿಶ್ವವಿದ್ಯಾಲಯದ ಆಫರ್ ಬಂದ ಮೇಲೆ ಈ ಓಡಾಟ ಶುರುಮಾಡಿದ್ದು ನನ್ನ ತಪ್ಪು. ಅರ್ಜಿ ಹಾಕುವ ತಿಂಗಳೇ ಆಸ್ತಿಯ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿ. ಸೋದರತ್ತೆಯ ಋಣ ಯಾವ ಕಂತಿನಲ್ಲೂ ತೀರುವಂಥದ್ದಲ್ಲ. ಅವರು ಸಹಿ ಹಾಕಿದ ದಿನ ನಾನು ಅವರ ಪಾದ ಮುಟ್ಟಿ ನಮಸ್ಕರಿಸಿದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶಿ ವ್ಯಾಸಂಗಕ್ಕೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರ ಜೊತೆಗೆ ಅಲೆಮಾರಿಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಸಿಗುತ್ತದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ತಮ್ಮ ಅಭಿವೃದ್ಧಿ ನಿಗಮದಲ್ಲಿ ವಿದೇಶಿ ವ್ಯಾಸಂಗದ ಸಾಲ ವಿಚಾರಿಸಿ. ಜೆ.ಎನ್. ಟಾಟಾ ದತ್ತಿನಿಧಿ 1892ರಿಂದಲೂ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ, ಅದಕ್ಕೆ ಜಾತಿಯ ಮಿತಿ ಇಲ್ಲ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ.

ಇನ್ನು ವೀಸಾ. ನಾನು ಹೋದಾಗ ಲಂಡನ್ ವಾಸಕ್ಕೆ ತಿಂಗಳಿಗೆ 1,334 ಪೌಂಡಿನಂತೆ ಒಂಬತ್ತು ತಿಂಗಳ ಹಣ, ಅಂದರೆ 12,006 ಪೌಂಡ್, ಮತ್ತು ಬಾಕಿ ಶುಲ್ಕ ತೋರಿಸಬೇಕಿತ್ತು. 2025ರ ಜನವರಿಯಲ್ಲಿ ಆ ಮೊತ್ತ ತಿಂಗಳಿಗೆ 1,483 ಆಯಿತು, ಅದೇ ನವೆಂಬರ್‌ನಲ್ಲಿ 1,529. ಖಾತೆಯಲ್ಲಿರುವ ಹಣವಾದರೆ ಸತತ 28 ದಿನ ಒಂದು ರೂಪಾಯಿಯೂ ಕೆಳಗಿಳಿಯದೆ ನಿಲ್ಲಬೇಕು. ನಮ್ಮ ಹಣ ಅಪ್ಪನ ಖಾತೆಯಲ್ಲಿತ್ತು. ಹತ್ತೊಂಬತ್ತನೆಯ ದಿನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು ಅಪ್ಪ 40 ಸಾವಿರ ತೆಗೆದರು. ತೆಗೆಯಲೇಬೇಕಿತ್ತು. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಆದ್ದರಿಂದ ಬೇಕಾದ ಮೊತ್ತಕ್ಕಿಂತ ಒಂದು ಲಕ್ಷವಾದರೂ ಹೆಚ್ಚು ಇಡಿ, ಮನೆಯ ದಿನಬಳಕೆಯ ಖಾತೆಯನ್ನು ಬೇರೆ ಮಾಡಿ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ತೋರಿಸಿದ ಮೊತ್ತಕ್ಕೆ ಈ 28 ದಿನದ ಎಣಿಕೆ ಬೇಕಿಲ್ಲ. ಸಾಲ ಬೇಗ ಮಂಜೂರಾಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ವಿದೇಶಕ್ಕೆ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲಾಗುವ ತೆರಿಗೆ, ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಇದೆ.

ಬ್ಯಾಂಕಿನ ಹಣ ಕೈಸೇರುವ ಮೊದಲೇ ನಮ್ಮ ಜೇಬಿನಿಂದ ಹೋಗುವ ಹಣವನ್ನು ಯಾರೂ ಹೇಳುವುದಿಲ್ಲ. 2024ರಲ್ಲಿ ನನಗೆ ವೀಸಾ ಶುಲ್ಕ 490 ಪೌಂಡ್, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಮುಂಗಡ 1,164 ಪೌಂಡ್, ಬೆಂಗಳೂರಿನಲ್ಲಿ ಕ್ಷಯರೋಗದ ತಪಾಸಣೆ, ವಿಮಾನದ ಟಿಕೆಟ್, ಕೋಣೆಯ ಠೇವಣಿ, ಮೊದಲ ತಿಂಗಳ ಬಾಡಿಗೆ. ಎಲ್ಲ ಸೇರಿ ಸುಮಾರು ನಾಲ್ಕೂವರೆ ಲಕ್ಷ ಆಯಿತು. ಜುಲೈ ಮೊದಲ ವಾರಕ್ಕೆ ಈ ಹಣ ಕೈಯಲ್ಲಿರಲಿ. 28 ದಿನ ನಿಲ್ಲಿಸುವ ಹಣದಿಂದ ಇದನ್ನು ತೆಗೆಯುತ್ತೇನೆ ಎಂದುಕೊಳ್ಳಬೇಡಿ.

ಲಂಡನ್ನಿನಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲುಗಳು ಕಾಲೇಜಿಗೆ ಹತ್ತಿರ, ಆದರೆ ದುಬಾರಿ. ನಾನು ಈಸ್ಟ್ ಹ್ಯಾಮ್‌ನಲ್ಲಿ ತಿಂಗಳಿಗೆ 750 ಪೌಂಡಿಗೆ ಒಂದು ಕೋಣೆ ಹಿಡಿದೆ. ಠೇವಣಿ ಐದು ವಾರದ ಬಾಡಿಗೆ ಮೀರುವಂತಿಲ್ಲ, ಅದು 2019ರ ಕಾನೂನು. ಹೆಚ್ಚು ಕೇಳಿದ ಒಂದು ಮನೆಯನ್ನು ನಾನು ಬಿಟ್ಟೆ. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ತೆರಿಗೆ (ಅಲ್ಲಿನ ಸ್ಥಳೀಯ ಆಡಳಿತದ ಮನೆ ತೆರಿಗೆ) ಇಲ್ಲ. ಈಸ್ಟ್ ಹ್ಯಾಮ್‌ನ ಅಂಗಡಿಗಳಲ್ಲಿ ರಾಗಿಹಿಟ್ಟು, ಹುರುಳಿಕಾಳು ಎರಡೂ ಸಿಗುತ್ತವೆ. ವಾರಕ್ಕೆ ನಾಲ್ಕು ದಿನ ಮುದ್ದೆ, ಹುರುಳಿ ಸಾರು. ಮಧ್ಯಾಹ್ನ ಬ್ಲೂಮ್ಸ್‌ಬರಿಯ ಸೋಯಸ್ ಕಾಲೇಜಿನ ಬಳಿ ಹರೇ ಕೃಷ್ಣ ಭಕ್ತರು ಗಾಡಿಯಲ್ಲಿ ತಂದು ಬಡಿಸುವ ಊಟ ಉಚಿತ. ಸಾಲಿನಲ್ಲಿ ನಿಲ್ಲಲು ಸಂಕೋಚ ಬೇಡ. ದಾಸೋಹದ ಪಂಕ್ತಿಯಲ್ಲಿ ಕೂತು ಉಂಡ ನಾಡಿನವರು ನಾವು. ನಾನಿದ್ದಾಗ ಬಸ್ಸಿಗೆ 1.75 ಪೌಂಡ್ ಇತ್ತು, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. ಮೆಟ್ರೊ ಬೇಗ ತಲುಪಿಸುತ್ತದೆ, ಹೆಚ್ಚು ಕೀಳುತ್ತದೆ.

ದುಡಿದು ಶುಲ್ಕ ಕಟ್ಟುತ್ತೇನೆ ಎಂಬ ಲೆಕ್ಕ ಮಾತ್ರ ಹಾಕಬೇಡಿ. ವಾರಕ್ಕೆ 20 ಗಂಟೆಯ ಮಿತಿ ಇದೆ. ಎಂಎಸ್ಸಿಯವರಿಗೆ ಬೇಸಿಗೆಯೂ ಸಂಶೋಧನಾ ಪ್ರಬಂಧದ ಕಾಲ, ರಜೆಯಲ್ಲ, ಆಗಲೂ ಅದೇ ಮಿತಿ. ನನ್ನ ದುಡಿಮೆಯಿಂದ ದಿನಸಿ ಮತ್ತು ಬಸ್ಸಿನ ಖರ್ಚು ಹುಟ್ಟಿತು, ಅಷ್ಟೇ.

ಆ ಬೇಸಿಗೆಯ ಪ್ರಬಂಧಕ್ಕೂ ಊರಿನಿಂದಲೇ ಸಿದ್ಧತೆ ಆಗಬೇಕು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸಿ, ಅವರು ಯಾವ ಪಂಪಿನ ನೀರು ಕುಡಿದರು ಎಂದು ವಿಚಾರಿಸುತ್ತಾ ಹೋದ. ನಾನು ನೋಟುಬುಕ್ಕಿನಲ್ಲಿ ಬರೆದದ್ದೂ ಅದೇ ಬಗೆಯ ಪ್ರಶ್ನೆ. ಆದರೆ ಮಕ್ಕಳ ಮಾಹಿತಿಯನ್ನು ಬಳಸಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಇಲ್ಲಿಯ ಅನುಮತಿ ಪತ್ರ ಬೇಕು. ಅಲ್ಲಿಂದ ಫೋನಿನಲ್ಲಿ ಪತ್ರ ತರಿಸಲು ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಹೋದವು. ವಿಮಾನ ಹತ್ತುವ ಮೊದಲೇ ಮುಖ್ಯೋಪಾಧ್ಯಾಯರ, ಶಿಕ್ಷಣ ಇಲಾಖೆಯ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಯ ಅನುಮತಿ ಪತ್ರಗಳನ್ನು ಸಹಿ, ಮೊಹರು, ತಾರೀಖಿನ ಸಮೇತ ಬರೆಸಿಕೊಂಡು, ಇಂಗ್ಲಿಷ್ ಅನುವಾದದ ಜೊತೆ ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟುಕೊಳ್ಳಿ.