ಟೇಪು ಹಿಡಿದು ಹೋಗಿ: ಹಳೇ ಪಿಕಪ್ ಕೊಳ್ಳುವಾಗ ಲಾಂಗ್ ಬೆಡ್ಡೋ, ಶಾರ್ಟ್ ಬೆಡ್ಡೋ?

ಊರಿನಿಂದ ಅಕ್ಕ ಫೋನ್ ಮಾಡಿದ್ದಳು. "ಲಾಂಗ್ ಬೆಡ್ ಗಾಡಿ ತಗೊಂಡೆ ಕಣಕ್ಕಾ" ಎಂದೆ. "ಮನೆ ಬಿಟ್ಟು ಗಾಡೀಲೇ ಮಲಗ್ತೀಯೇನೋ?" ಎಂದಳು.

ಬೆಡ್ ಅಂದರೆ ಇಲ್ಲಿ ಹಾಸಿಗೆ ಅಲ್ಲ, ಪಿಕಪ್ಪಿನ ಹಿಂದಿನ ತೊಟ್ಟಿ. ಸಾಮಾನು ತುಂಬುವ ಜಾಗ. ನಾನಿರುವುದು ಟೆಕ್ಸಾಸಿನ ಫೋರ್ಟ್ ವರ್ತ್ ಹತ್ತಿರ. ನನ್ನ ಹತ್ತಿರ ಇರುವುದು 1971ರ ಷೆವರ್ಲೆ ಸಿ10. ಹಳೇ ಗಾಡಿ ಕೊಳ್ಳಬೇಕು ಅಂತ ಆಸೆ ಇರುವ ನಮ್ಮವರು ಇಲ್ಲಿ ಆಗಾಗ ಸಿಗುತ್ತಾರೆ. ಎಲ್ಲರೂ ಇಂಜಿನ್ ಬಗ್ಗೆ ಕೇಳುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ. ತೊಟ್ಟಿಯ ಉದ್ದ ಮಾತ್ರ ಯಾರೂ ಕೇಳುವುದಿಲ್ಲ. ಇಂಜಿನ್ ಬೇಕಾದರೆ ಆಮೇಲೆ ಬದಲಾಯಿಸಬಹುದು. ಉದ್ದ ಬದಲಾಯಿಸಬೇಕು ಅಂದರೆ ಚಾಸಿಯನ್ನೇ ಕೊಯ್ಯಬೇಕು. ಅದಕ್ಕೇ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ.

ಶಾರ್ಟ್ ಬೆಡ್ ಅಂದರೆ ಸುಮಾರು ಆರೂವರೆ ಅಡಿ. ಲಾಂಗ್ ಬೆಡ್ ಅಂದರೆ 8 ಅಡಿ. 1967ರಿಂದ 72ರವರೆಗಿನ ಸಿ10ನಲ್ಲಿ ಟೇಪು ಹಿಡಿದರೆ ಶಾರ್ಟ್ 78 ಇಂಚು, ಲಾಂಗ್ 98 ಇಂಚು ಬರುತ್ತದೆ. ವ್ಯತ್ಯಾಸ 20 ಇಂಚು. ಆದರೆ ಈ 20 ಇಂಚು ಒಂದೇ ಕಡೆ ಇರುವುದಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಶಾರ್ಟ್‌ನಲ್ಲಿ 115 ಇಂಚು, ಲಾಂಗ್‌ನಲ್ಲಿ 127. ಅಲ್ಲಿಗೆ 12 ಇಂಚು ಹಿಂದಿನ ಆಕ್ಸಲ್‌ಗೆ ಮುಂಚೆ, ಉಳಿದ 8 ಇಂಚು ಆಕ್ಸಲ್ ಹಿಂದೆ. ಈ 12 ಮತ್ತು 8 ನೆನಪಿರಲಿ, ಮುಂದೆ ಬೇಕಾಗುತ್ತದೆ.

1973ರಿಂದ 87ರವರೆಗಿನ ಚೌಕಾಕಾರದ ಷೆವರ್ಲೆಗಳನ್ನು ಇಲ್ಲಿ ಸ್ಕ್ವೇರ್‌ಬಾಡಿ ಅನ್ನುತ್ತಾರೆ. ಅವುಗಳಲ್ಲಿ ವೀಲ್‌ಬೇಸ್ 117.5 ಮತ್ತು 131.5. ಫೋರ್ಡ್ ಎಫ್-100 ಆದರೆ 1967–72ರಲ್ಲಿ 115 ಮತ್ತು 131, ಅದರ ನಂತರದ್ದರಲ್ಲಿ ಸುಮಾರು 117 ಮತ್ತು 133. ಡಾಡ್ಜ್ ಡಿ100 1972ರಿಂದ ಮುಂದೆ 115 ಮತ್ತು 131. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಸಾಕು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ಫ್ಲೀಟ್‌ಸೈಡ್, ಸ್ಟೆಪ್‌ಸೈಡ್ ಅನ್ನುವುದು ಉದ್ದದ ಮಾತಲ್ಲ, ಆಕಾರದ ಮಾತು. ಪಕ್ಕ ನುಣ್ಣಗೆ ನೇರವಾಗಿದ್ದರೆ ಫ್ಲೀಟ್‌ಸೈಡ್. ತೊಟ್ಟಿ ಕಿರಿದಾಗಿ, ಮಡ್‌ಗಾರ್ಡ್ ಹೊರಗೆ ಉಬ್ಬಿಕೊಂಡು, ಹತ್ತಲು ಒಂದು ಮೆಟ್ಟಿಲು ಇದ್ದರೆ ಸ್ಟೆಪ್‌ಸೈಡ್. ಇದನ್ನೇ ಫೋರ್ಡ್‌ನವರು ಸ್ಟೈಲ್‌ಸೈಡ್, ಫ್ಲೇರ್‌ಸೈಡ್ ಅಂತಲೂ ಡಾಡ್ಜ್‌ನವರು ಸ್ವೆಪ್ಟ್‌ಲೈನ್, ಯುಟಿಲೈನ್ ಅಂತಲೂ ಕರೆದರು. ಸ್ಟೆಪ್‌ಸೈಡ್ ಅಂದರೆ ಶಾರ್ಟೇ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಉದ್ದದ ಸ್ಟೆಪ್‌ಸೈಡ್‌ಗಳೂ ಬಂದಿವೆ.

ಈಗ ಅಳತೆ ಹೇಗೆ ಅಂತ ಹೇಳುತ್ತೇನೆ. ನಾನಿದನ್ನು ಕಲಿತದ್ದು ಅಮೆರಿಕದಲ್ಲಲ್ಲ, ದಾವಣಗೆರೆಯಲ್ಲಿ. ನಮ್ಮ ಸೋದರಮಾವನದು ಲಾರಿಗೆ ಬಾಡಿ ಕಟ್ಟುವ ಶೆಡ್ ಇತ್ತು. ಬೇಸಿಗೆ ರಜೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಕೈ ಸ್ವಲ್ಪ ಅಲುಗಾಡಿದರೂ ಮಾವ ಬಯ್ಯುತ್ತಿದ್ದ.

ಗಾಡಿ ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಂತಿರಬೇಕು. ಮುಂದಿನ ಚಕ್ರ ನೇರ ಇರಬೇಕು. ಚೂರು ತಿರುಗಿದ್ದರೂ ಲೆಕ್ಕ ತಪ್ಪುತ್ತದೆ. ಮುಂದಿನ ಚಕ್ರದ ನಡುಮಧ್ಯದಿಂದ ಹಿಂದಿನ ಚಕ್ರದ ನಡುಮಧ್ಯಕ್ಕೆ ಟೇಪು ಎಳೆಯಿರಿ. ಒಂದು ಕಡೆ ಅಳೆದು ಎದ್ದುಬಿಡಬೇಡಿ. ಎಡಕ್ಕೂ ಬಲಕ್ಕೂ ಅಳೆಯಿರಿ, ಎರಡೂ ಬರೆದುಕೊಳ್ಳಿ. ಆಮೇಲೆ ಹಿಂಬಾಗಿಲು ಮುಚ್ಚಿ, ತೊಟ್ಟಿಯ ಒಳಗೆ ನೆಲದ ಮೇಲೆ, ಮುಂದಿನ ತಗಡಿನಿಂದ ಬಾಗಿಲಿನ ಒಳಮೈಯವರೆಗೆ ಅಳೆಯಿರಿ. ಮೇಲಿನ ಅಂಚಿನಲ್ಲಿ ಅಳೆಯಬೇಡಿ, ನೆಲದ ಮೇಲೇ ಅಳೆಯಿರಿ.

ಮೂರನೆಯದು ಟೇಪಿನ ಕೆಲಸವಲ್ಲ, ಕಣ್ಣಿನ ಕೆಲಸ. 1967–72ರ ಷೆವರ್ಲೆಯಲ್ಲಿ ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಕಾಗದದ ಲೇಬಲ್ ಅಂಟಿಸಿರುತ್ತಾರೆ. ಅದರಲ್ಲಿ ಮಾದರಿಯ ನಂಬರ್ ಮತ್ತು ವೀಲ್‌ಬೇಸ್ ಇರುತ್ತದೆ. ನಂಬರಿನಲ್ಲಿ 10734 ಅಂತ ಇದ್ದರೆ ಶಾರ್ಟ್ ಫ್ಲೀಟ್‌ಸೈಡ್, 10934 ಅಂತ ಇದ್ದರೆ ಲಾಂಗ್ ಫ್ಲೀಟ್‌ಸೈಡ್. ಕೊನೆಯಲ್ಲಿ 04 ಇದ್ದರೆ ಸ್ಟೆಪ್‌ಸೈಡ್. ನೋಡಬೇಕಾದದ್ದು ನಡುವಿನ ಆ 7 ಅಥವಾ 9.

ಈ ಲೇಬಲ್ಲೇ ಒಮ್ಮೆ ನನ್ನನ್ನು ಉಳಿಸಿತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಫೋರ್ಟ್ ವರ್ತ್‌ನಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿಯ ಒಂದು ಸಣ್ಣ ಊರು. ಜಾಹೀರಾತಿನಲ್ಲಿ '1970, ಸಿ10, ಫ್ಯಾಕ್ಟರಿ ಶಾರ್ಟ್ ಬೆಡ್' ಅಂತ ಇತ್ತು. ಫೋಟೋ ನೋಡಿ ಮನಸ್ಸು ಜಾರಿತು. ಬೇರೆ ಯಾರಾದರೂ ಹೊಡೆದುಕೊಂಡು ಹೋದಾರು ಅಂತ 500 ಡಾಲರ್ ಅಡ್ವಾನ್ಸ್ ಕಳಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ಹೋದೆ. ಕಿತ್ತಳೆ ಮತ್ತು ಬಿಳಿ ಬಣ್ಣ, ಕನ್ನಡಿ ತರಹ ಹೊಳೆಯುತ್ತಿತ್ತು. ತೊಟ್ಟಿ ಅಳೆದೆ, 78 ಇಂಚು. ಸರಿ. ಎಡಗಡೆ ವೀಲ್‌ಬೇಸ್ 115 ಮತ್ತು ಕಾಲು. ಬಲಗಡೆ 114 ಮತ್ತು ಅರ್ಧ. ಟೇಪು ಸೊಟ್ಟ ಹಿಡಿದಿರಬೇಕು ಅಂತ ಮತ್ತೆ ಅಳೆದೆ. ಅಷ್ಟೇ ಬಂತು. ಗ್ಲೋವ್ ಬಾಕ್ಸ್ ತೆಗೆದೆ. ಲೇಬಲ್ ಅರ್ಧ ಹರಿದಿತ್ತು, ಉಳಿದ ಅರ್ಧದಲ್ಲಿ 127 ಸ್ಪಷ್ಟವಾಗಿ ಕಾಣುತ್ತಿತ್ತು.

"ಆ ಮುಚ್ಚಳ ಬೇರೆ ಗಾಡಿಯದು" ಎಂದ ಮಾರುವವ. ಇರಬಹುದು. ಹಳೇ ಗಾಡಿಗಳಲ್ಲಿ ಅದು ಆಗುತ್ತದೆ. ಆದರೆ ಮುಕ್ಕಾಲು ಇಂಚಿನ ವ್ಯತ್ಯಾಸಕ್ಕೆ ಏನು ಹೇಳುತ್ತೀರಿ? ರಟ್ಟು ಹಾಸಿಕೊಂಡು ಗಾಡಿ ಕೆಳಗೆ ನುಸುಳಿದೆ. ಚಾಸಿ ಪೂರ್ತಿ ಹಳೇ ಕಂದು ತುಕ್ಕಿನ ಬಣ್ಣ, ಕ್ಯಾಬಿನ್ ದಾಟಿದ ಮೇಲೆ ಒಂದು ಮೊಳದಷ್ಟು ಮಾತ್ರ ಹೊಸ ಕಪ್ಪು ಪೇಂಟ್. ಬೆರಳಾಡಿಸಿದೆ. ಪೇಂಟಿನ ಕೆಳಗೆ ಹಲಸಿನ ಸಿಪ್ಪೆಯ ಹಾಗೆ ಬೆಸುಗೆ. ಮೇಲಿಂದ ಕೆಳಗೆ ನೇರಕ್ಕೆ ಒಂದೇ ಗೆರೆ. ಒಳಗಡೆ ಪಟ್ಟಿ ಇಲ್ಲ, ಬೋಲ್ಟ್ ಇಲ್ಲ. ಲಾಂಗ್ ಬೆಡ್ ಗಾಡಿಯ ಹೊಟ್ಟೆ ಕೊಯ್ದು ಗಿಡ್ಡ ಮಾಡಿದ್ದರು. ಹೊರಟು ಬಂದೆ. ಆ 500 ಡಾಲರ್ ಇವತ್ತಿಗೂ ವಾಪಸ್ ಬಂದಿಲ್ಲ. ಗಾಡಿಯನ್ನು ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ, ಇನ್ನೇನು ಹೇಳಲಿ.

ಯಾಕೆ ಹೀಗೆ ಮಾಡುತ್ತಾರೆ? ದುಡ್ಡಿಗೆ. ಆ ಕಾಲದಲ್ಲಿ ಪಿಕಪ್ ಕೊಂಡವರು ರೈತರು, ಪ್ಲಂಬರ್‌ಗಳು, ಕಟ್ಟಡ ಕೆಲಸದವರು. ಅವರಿಗೆ 8 ಅಡಿ ಬೇಕಿತ್ತು. ಈಗ ಕೊಳ್ಳುವವರಿಗೆ ನೋಡಲು ಚೆನ್ನಾಗಿರಬೇಕು. ಶಾರ್ಟ್ ಬೆಡ್ ಗಾಡಿ ನಿಜಕ್ಕೂ ಅಂದವಾಗಿ ಕಾಣುತ್ತದೆ, ನಾನೂ ಒಪ್ಪುತ್ತೇನೆ. ಹಾಗಾಗಿ ಅದೇ ವರ್ಷ, ಅದೇ ಇಂಜಿನ್ ಇದ್ದರೂ ಶಾರ್ಟ್‌ಗೆ ಬೆಲೆ ಜಾಸ್ತಿ.

ಗಿಡ್ಡ ಮಾಡಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಸರಿಯಾಗಿ ಮಾಡಿದ್ದರೆ ಚೆನ್ನಾಗೇ ಓಡುತ್ತದೆ. ಆ ವಿಷಯ ಮುಚ್ಚಿಡಬಾರದು, ಫ್ಯಾಕ್ಟರಿಯದು ಅಂತ ಬೆಲೆ ಕೇಳಬಾರದು, ಅಷ್ಟೇ. ಮಾಡುವ ಕ್ರಮ ಹೀಗೆ. 1967–72ರ ಸಿ10ನಲ್ಲಿ ಆಕ್ಸಲ್‌ಗೆ ಮುಂಚೆ 12 ಇಂಚು, ಹಿಂದೆ 8 ಇಂಚು ತೆಗೆಯುತ್ತಾರೆ. ಸ್ಕ್ವೇರ್‌ಬಾಡಿಯಲ್ಲಿ ಮುಂಚೆ 14, ಹಿಂದೆ 6. ಚಾಸಿಯನ್ನು ನೇರ ಕೊಯ್ಯಬಾರದು, ಮೆಟ್ಟಿಲಿನ ಹಾಗೆ ಕೊಯ್ದು ಒಂದಕ್ಕೊಂದು ಕೂರಿಸಬೇಕು. ಒಳಗೆ ಪಟ್ಟಿ ಕೊಡಬೇಕು, ಪಟ್ಟಿಯ ತುದಿ ಓರೆಯಾಗಿರಬೇಕು. "ನೇರ ಕೊಯ್ದರೆ ನೇರ ಸೀಳುತ್ತೆ" ಎನ್ನುತ್ತಿದ್ದ ಮಾವ, ಲಾರಿ ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ ಓರೆ ಗೆರೆ ಎಳೆಯುತ್ತಾ.

ಚಾಸಿ ಮೂಲೆಮಟ್ಟ ಇದೆಯಾ ಅಂತ ನೋಡಲು ಮಾವ ಮಾಡುತ್ತಿದ್ದ ಉಪಾಯವನ್ನೇ ನಾನು ಈಗಲೂ ಮಾಡುತ್ತೇನೆ. ದಾರಕ್ಕೆ ಒಂದು ನಟ್ ಕಟ್ಟಿ, ಚಾಸಿಯ ಎರಡೂ ಬದಿಯ ಒಂದೇ ತೂತಿನಿಂದ ಇಳಿಬಿಡಿ. ನಟ್ ಮುಟ್ಟುವಲ್ಲಿ ನೆಲದ ಮೇಲೆ ಗುರುತು ಹಾಕಿ. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಗುರುತು. ಗಾಡಿ ಸರಿಸಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಒಂದೇ ಬರಬೇಕು. ಕಾಲಿಂಚು ವ್ಯತ್ಯಾಸ ಬಂದರೂ ಮಾವ ಮತ್ತೆ ಬಿಚ್ಚಿಸುತ್ತಿದ್ದ.

ಚಾಸಿ ಆದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರೊಪೆಲರ್ ಶಾಫ್ಟ್ ಕಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಉದ್ದದ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಹಿಂದಿನ ಲೈಟಿನ ವೈರು ಎಲ್ಲವೂ ಹೊಂದಬೇಕು. ಸಿ10ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಮಾನು ಪಟ್ಟೆ ಇರುವುದಿಲ್ಲ. ಕಾಯಿಲ್ ಸ್ಪ್ರಿಂಗು, ಅದಕ್ಕೆ ಉದ್ದನೆಯ ಎರಡು ತೋಳು. ಆ ತೋಳು ಹಿಡಿದಿರುವ ಅಡ್ಡಪಟ್ಟಿಯನ್ನೂ ಮುಂದಕ್ಕೆ ಸರಿಸಬೇಕು. ಪುಣ್ಯಕ್ಕೆ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ ಸೀಟಿನ ಹಿಂದೆ ಇರುವುದರಿಂದ ಅದರ ತಂಟೆ ಇಲ್ಲ. ಸ್ಕ್ವೇರ್‌ಬಾಡಿಯಲ್ಲಿ ಟ್ಯಾಂಕ್ ಚಾಸಿಯ ಪಕ್ಕದಲ್ಲಿ. ಲಾಂಗ್‌ನದು 20 ಗ್ಯಾಲನ್, ಶಾರ್ಟ್‌ನದು 16, ಹಾಗಾಗಿ ಅದನ್ನೂ ಬದಲಿಸಬೇಕು. ಇದಾದ ಮೇಲೆ ತೊಟ್ಟಿಯ ಪಕ್ಕದ ತಗಡು. ಕೆಲವರು ಹಳೇದನ್ನೇ ಕೊಯ್ದು ಟಿಂಕರಿಂಗ್ ಮಾಡುತ್ತಾರೆ, ಕೆಲವರು ಹೊಸ ತಗಡು ತರಿಸುತ್ತಾರೆ. ಹಳೇದನ್ನು ಕೊಯ್ದಿದ್ದರೆ ಚಕ್ರದ ಹಿಂದೆ ಮುಂದೆ ಆಯಸ್ಕಾಂತ ಇಟ್ಟು ನೋಡಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ.

ಇಷ್ಟೆಲ್ಲ ಲೆಕ್ಕ ಹಾಕಿದರೆ ನನ್ನ ಅಭಿಪ್ರಾಯ ಸರಳ. ಶಾರ್ಟ್ ಬೇಕೇ ಬೇಕು ಅಂದರೆ ಶಾರ್ಟನ್ನೇ ಹುಡುಕಿ ಕೊಳ್ಳಿ. ತುಕ್ಕು ಹಿಡಿಯದ, ಲೇಬಲ್ ಸಮೇತ ಇರುವ ಲಾಂಗ್ ಬೆಡ್ ಸಿಕ್ಕರೆ ದಯವಿಟ್ಟು ಕೊಯ್ಯಬೇಡಿ. ತೊಟ್ಟಿ ಪೂರ್ತಿ ಕೊಳೆತು ಹೋದ ಗಾಡಿಯಾದರೆ ನಿಮ್ಮಿಷ್ಟ.

ಉಪಯೋಗದ ಲೆಕ್ಕಕ್ಕೆ ಬಂದರೆ ಎಲ್ಲವೂ ಪ್ಲೈವುಡ್ ಹಾಳೆಯ ಮೇಲೆ ನಿಂತಿದೆ. 4 ಅಡಿ ಅಗಲ, 8 ಅಡಿ ಉದ್ದ. ಫ್ಲೀಟ್‌ಸೈಡ್ ತೊಟ್ಟಿಯಲ್ಲಿ ಎರಡು ಚಕ್ರದ ಉಬ್ಬುಗಳ ನಡುವೆ ಸುಮಾರು 50 ಇಂಚು ಇದೆ, ಹಾಗಾಗಿ ಅಗಲಕ್ಕೆ ತೊಂದರೆ ಇಲ್ಲ. ಉದ್ದಕ್ಕೆ ಲಾಂಗ್‌ನಲ್ಲಿ ಹಾಳೆ ಮಲಗಿಸಿ ಬಾಗಿಲು ಮುಚ್ಚಿದರೂ 2 ಇಂಚು ಉಳಿಯುತ್ತದೆ. ಶಾರ್ಟ್‌ನಲ್ಲಿ ಒಂದೂವರೆ ಅಡಿ ಹೊರಗೆ ಚಾಚುತ್ತದೆ. ಬಾಗಿಲು ತೆರೆದು, ಹಗ್ಗ ಬಿಗಿದು, ಕನ್ನಡಿ ನೋಡುತ್ತಾ ಓಡಿಸಬೇಕು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ವೇದಿಕೆಗೆ 14 ಹಾಳೆ ಬೇಕಾಗಿತ್ತು. ಒಂದೇ ಟ್ರಿಪ್ಪಿಗೆ ತಂದು ಇಳಿಸಿದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಅದು ನನ್ನದೇ ಕೆಲಸ ಆಗಿದೆ, ಅದು ಬೇರೆ ಮಾತು.

ಬೈಕು ಸಾಗಿಸುವವರಿಗೂ ಲಾಂಗ್ ಒಳ್ಳೆಯದು. ಟ್ರೈಲರ್ ಎಳೆಯುವಾಗ ಉದ್ದ ವೀಲ್‌ಬೇಸ್ ಗಾಡಿ ಅತ್ತಿತ್ತ ಓಲಾಡುವುದು ಕಮ್ಮಿ. ಶಾರ್ಟ್ ಗೆಲ್ಲುವುದು ತಿರುವಿನಲ್ಲಿ, ಪಾರ್ಕಿಂಗ್‌ನಲ್ಲಿ. ಇಂಡಿಯನ್ ಗ್ರೋಸರಿ ಅಂಗಡಿಯ ಮುಂದೆ ಭಾನುವಾರ ಸಂಜೆ ಲಾಂಗ್ ಬೆಡ್ ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ. ನಾನು ದೂರ ನಿಲ್ಲಿಸಿ ನಡೆದು ಹೋಗುತ್ತೇನೆ.

ಮತ್ತೊಂದು ವಿಷಯ, 1968ರಿಂದ 72ರವರೆಗೆ ಲಾಂಗ್‌ಹಾರ್ನ್ ಅಂತ ಒಂದು ಷೆವರ್ಲೆ ಬಂತು. ಎಂಟೂವರೆ ಅಡಿ ತೊಟ್ಟಿ, 133 ಇಂಚು ವೀಲ್‌ಬೇಸ್. ತೊಟ್ಟಿಯ ಮುಂಭಾಗದಲ್ಲಿ 6 ಇಂಚಿನ ತುಂಡು ಸೇರಿಸಿದ ಜೋಡಣೆ ಗೆರೆ ಕಾಣುತ್ತದೆ. ಅದು ಯಾರೋ ಕೊಯ್ದು ಅಂಟಿಸಿದ್ದಲ್ಲ, ಫ್ಯಾಕ್ಟರಿಯದೇ. ಸಿಕ್ಕರೆ ಹೆದರಿ ಓಡಬೇಡಿ.

ಕೊಳ್ಳುವ ಮುಂಚೆ ಕೊನೆಯ ಅಳತೆ ಗಾಡಿಯದ್ದಲ್ಲ, ನಿಮ್ಮ ಗ್ಯಾರೇಜಿನದು. ಬಂಪರ್‌ನಿಂದ ಬಂಪರ್‌ಗೆ ಶಾರ್ಟ್ ಸಿ10 ಹದಿನೈದೂವರೆ ಅಡಿಗೆ ಸ್ವಲ್ಪ ಜಾಸ್ತಿ, ಲಾಂಗ್ 17 ಅಡಿಗೆ ಸ್ವಲ್ಪ ಜಾಸ್ತಿ. ಗೋಡೆಯಿಂದ ಬಾಗಿಲಿಗೆ ಅಳೆದರೆ ಸಾಲದು. ಗೋಡೆಗೆ ಒರಗಿಸಿದ ಕಪಾಟು, ನೀರಿನ ಹೀಟರ್, ಎರಡನೇ ಫ್ರಿಜ್ಜು, ಎಲ್ಲ ಬಿಟ್ಟು ಅಳೆಯಿರಿ. ನಾನು ಬಿಟ್ಟಿರಲಿಲ್ಲ. ಮೊದಲ ದಿನ ಗಾಡಿ ಒಳಗೆ ಹೋಯಿತು, ಶಟರ್ ಇಳಿಯಲಿಲ್ಲ. ಉಪ್ಪಿನಕಾಯಿ ಜಾಡಿಗಳು, ಅಕ್ಕಿ ಮೂಟೆ ಇದ್ದ ಕಪಾಟನ್ನು ಪಕ್ಕದ ಗೋಡೆಗೆ ಸಾಗಿಸಿದ ಮೇಲೆ ಇಳಿಯಿತು. ಈಗ ಸೂರಿನಿಂದ ಒಂದು ಟೆನಿಸ್ ಚೆಂಡು ನೇತುಹಾಕಿದ್ದೇನೆ. ಚೆಂಡು ಮುಂದಿನ ಗಾಜಿಗೆ ಮುಟ್ಟಿತು ಅಂದರೆ ಬ್ರೇಕ್. ಹಿಂದೆ ಶಟರ್‌ಗೆ ನಾಲ್ಕು ಬೆರಳಷ್ಟು ಜಾಗ ಉಳಿಯುತ್ತದೆ.