ಮಂಗಳೂರಿನ ಸೆಕೆಯಲ್ಲಿ ಪಿನ್‌ಅಪ್ ಫ್ರಾಕ್: ನನ್ನ ಅನುಭವ

ಪಿನ್‌ಅಪ್ ಸ್ಟೈಲ್, ಅಂದರೆ 1940-50ರ ದಶಕದ ಅಮೆರಿಕದ ಚಿತ್ರಗಳ ಹುಡುಗಿಯರ ಹಾಗೆ ಸೊಂಟ ಬಿಗಿದ ಫ್ರಾಕು, ಬೇಕು ಅಂದ ತಕ್ಷಣ ಎಲ್ಲರೂ ಆನ್‌ಲೈನಿನಲ್ಲಿ ರೆಡಿಮೇಡ್ ಫ್ರಾಕ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಅದು ಬೇಡ. ನಿಮ್ಮ ಸೀರೆ ಬ್ಲೌಸ್ ಯಾರು ಹೊಲಿಯುತ್ತಾರೋ ಅವರ ಹತ್ತಿರ ಹೋಗಿ. ಪ್ರಿನ್ಸೆಸ್ ಕಟ್, ಸ್ವೀಟ್‌ಹಾರ್ಟ್ ನೆಕ್, ಬೋಟ್ ನೆಕ್, ಪಫ್ ತೋಳು, ಮೈಗೆ ಸರಿಯಾಗಿ ಕೂರುವ ಟಕ್ಸ್, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. 1950ರ ದಶಕದ ಫ್ರಾಕಿನ ಮೇಲ್ಭಾಗ ಅಂದರೆ ಹೆಚ್ಚುಕಡಿಮೆ ಇಷ್ಟೇ. ಬ್ಲೌಸನ್ನು ಸೊಂಟದವರೆಗೆ ಇಳಿಸಿ, ಕೆಳಗೆ ಘೇರಿನ (ಅಗಲಕ್ಕೆ ಅರಳುವ) ಸ್ಕರ್ಟ್ ಸೇರಿಸಿದರೆ ಮುಗಿಯಿತು.

ನಾನು ಹಂಪನಕಟ್ಟೆ ಹತ್ತಿರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಬಿಜೈಯಿಂದ ಸಿಟಿ ಬಸ್ಸಿನಲ್ಲಿ ಓಡಾಟ. ಪಾರ್ಟಿ, ಫೋಟೋಶೂಟ್ ಅಂತ ಏನೂ ಇಲ್ಲ. ಆಫೀಸಿಗೆ, ಮಾರ್ಕೆಟಿಗೆ, ಕರೆಂಟ್ ಬಿಲ್ ಕಟ್ಟುವುದಕ್ಕೆ, ಎಲ್ಲದಕ್ಕೂ ಇದೇ ಬಟ್ಟೆ. ಹಾಗಾಗಿ ನಾನು ಹೇಳುವುದು ದಿನಬಳಕೆಯ ಲೆಕ್ಕ. ಬೆವರು, ಮಳೆ, ಬಸ್ಸು, ಮೀನಿನ ಚೀಲ ಎಲ್ಲ ಸೇರಿಸಿ.

ಮೊದಲು ಒಂದು ಮಾತು. ಪಿನ್‌ಅಪ್ ಚಿತ್ರಗಳು ಹುಟ್ಟಿದ್ದು ಗಂಡಸರು ನೋಡಲಿ ಅಂತಲೇ. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನಿಕರು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದ ಚಿತ್ರಗಳು ಅವು. ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್ ಭುಜದ ಮೇಲಿಂದ ತಿರುಗಿ ನೋಡುವ 1943ರ ಆ ಫೋಟೋ ಎಲ್ಲರಿಗೂ ಗೊತ್ತು. ಗಿಲ್ ಎಲ್ವ್‌ಗ್ರೆನ್ ಅನ್ನುವ ಚಿತ್ರಕಾರ ಬಿಡಿಸಿದ ಕ್ಯಾಲೆಂಡರ್ ಹುಡುಗಿಯರ ಸ್ಕರ್ಟಂತೂ ಯಾವಾಗ ನೋಡಿದರೂ ಗಾಳಿಗೆ ಹಾರುತ್ತಿರುತ್ತದೆ, ಇಲ್ಲವೇ ಎಲ್ಲಿಗಾದರೂ ಸಿಕ್ಕಿಹಾಕಿಕೊಂಡಿರುತ್ತದೆ. ನನಗೆ ಆ ಆಟ ಬೇಡ. ಸೊಂಟ ಇರುವ ಜಾಗದಲ್ಲೇ ಸೊಂಟ ತೋರಿಸುವ ಆ ಕಟ್ ಮಾತ್ರ ಬೇಕು. ಉದ್ದ ಮೊಣಕಾಲಿನ ಕೆಳಗೆ, ಮೀನಖಂಡದ ಅರ್ಧದವರೆಗೆ. 50ರ ದಶಕದ ಹೆಂಗಸರು ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದದ್ದೂ ಆ ಉದ್ದವನ್ನೇ.

ಈ ಸ್ಟೈಲಿನಲ್ಲಿ ಎರಡು ಕಾಲ ಕಲಸಿಹೋಗಿವೆ. ಅದನ್ನು ಬೇರೆ ಬೇರೆ ಮಾಡಿಕೊಂಡರೆ ನಮ್ಮ ಕರಾವಳಿಗೆ ತುಂಬಾ ಉಪಕಾರ. ಯುದ್ಧದ ಸಮಯದಲ್ಲಿ ಬಟ್ಟೆಗೆ ಬರ. ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಗೂ ರೇಷನ್ ಕೂಪನ್. ಅಮೆರಿಕದಲ್ಲಿ 1942ರ ಎಲ್-85 ಅನ್ನುವ ಆದೇಶದಲ್ಲಿ ಸ್ಕರ್ಟಿನ ಘೇರು, ಉದ್ದ ಎಲ್ಲದಕ್ಕೂ ಮಿತಿ. 40ರ ದಶಕದ ಫ್ರಾಕಿನಲ್ಲಿ ಭುಜ ಚೌಕ, ಈ ಬರದಿಂದಾಗಿ ಸ್ಕರ್ಟ್ ಸಪೂರ. ಆಮೇಲೆ 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಫ್ಯಾಷನ್ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟ, ಮೀಟರುಗಟ್ಟಲೆ ಬಟ್ಟೆಯ ಘೇರು ತಂದರು. ನಾವು ಚಿತ್ರಗಳಲ್ಲಿ ನೋಡುವ ಅರಳಿದ ಸ್ಕರ್ಟ್ ಇದರ ನಂತರದ್ದು.

ನಾನು ಇದನ್ನು ಋತುವಿಗೆ ಹಂಚಿಕೊಂಡಿದ್ದೇನೆ. ಅಕ್ಟೋಬರ್ ಕಳೆದ ಮೇಲೆ ಮೇ ತನಕ 50ರ ದಶಕ. ಜೂನಿನಿಂದ 40ರ ದಶಕ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲೇ. ಘೇರಿನ ಸ್ಕರ್ಟ್ ಒಮ್ಮೆ ಒದ್ದೆಯಾದರೆ ನಾಳೆ ನಾಡಿದ್ದಿಗೂ ಒಣಗುವುದಿಲ್ಲ, ಆಮೇಲೆ ಆ ಕಮಟು ವಾಸನೆ ಬೇರೆ. ಕಡಿಮೆ ಬಟ್ಟೆಯ ಸಪೂರ ಸ್ಕರ್ಟ್ ಆದರೆ ಫ್ಯಾನಿನ ಕೆಳಗೆ ರಾತ್ರಿ ಹಾಕಿದರೂ ಸಾಕು. ಮಳೆ ಜೋರಿದ್ದ ದಿನ ಸೊಂಟದ ಮೇಲೆ ಬರುವ ಕ್ಯಾಪ್ರಿ ಪ್ಯಾಂಟು, ಚುಕ್ಕಿ ಶರ್ಟು, ಕಾಲಿಗೆ ರಬ್ಬರ್ ಚಪ್ಪಲಿ. ಅದು 50ರ ದಶಕದ್ದೇ, ಚಪ್ಪಲಿ ಒಂದು ಬಿಟ್ಟು.

ಇನ್ನು ಹೊಲಿಗೆ. ನಮ್ಮ ಟೈಲರ್ ಅಕ್ಕನ ಅಂಗಡಿ ರಥಬೀದಿ ಕಡೆಯ ಒಂದು ಓಣಿಯಲ್ಲಿದೆ. ನಾನು ಫೋನಿನಲ್ಲಿ ಚಿತ್ರ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, "ಇದೆಂತ ಮಾರಾಯ್ತಿ, ಬ್ಲೌಸಿಗೆ ಲಂಗ ಹೊಲಿದು ಬಿಟ್ಟಿದ್ದಾರೆ ಅಷ್ಟೇ ಅಲ್ವಾ" ಅಂದರು. ಅಷ್ಟೇ ಅಕ್ಕ ಅಂದೆ. ನನ್ನ ಬ್ಲೌಸಿನ ಅಳತೆ ಅವರ ಪುಸ್ತಕದಲ್ಲಿ ಇದ್ದೇ ಇತ್ತು. ಹೊಸದಾಗಿ ಬೇಕಾದದ್ದು ಎರಡೇ ಅಳತೆ: ಭುಜದಿಂದ ಸೊಂಟಕ್ಕೆ ಮುಂದೆ ಎಷ್ಟು, ಹಿಂದೆ ಎಷ್ಟು. ಇದನ್ನು ತೆಗೆಯುವಾಗ ಸೊಂಟಕ್ಕೆ ಒಂದು ದಾರ ಬಿಗಿಯಾಗಿ ಕಟ್ಟಿಕೊಳ್ಳಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಗ್ಗಿದರೆ ದಾರ ತನ್ನಷ್ಟಕ್ಕೆ ಸರಿದು ನಿಜವಾದ ಸೊಂಟದಲ್ಲಿ ಕೂರುತ್ತದೆ. ನಾವೆಲ್ಲ ಜೀನ್ಸ್, ಲೆಗ್ಗಿನ್ಸ್ ಹಾಕಿ ಹಾಕಿ ಸೊಂಟ ಅಂದರೆ ಹೊಕ್ಕುಳಿನ ಕೆಳಗೆ ಅಂದುಕೊಂಡಿದ್ದೇವೆ. ಈ ಫ್ರಾಕಿಗೆ ಹೊಕ್ಕುಳಿನಿಂದ ಒಂದೆರಡು ಇಂಚು ಮೇಲೆಯೇ ಹೋಗಬೇಕು. ಇದು ತಪ್ಪಿದರೆ ಬಟ್ಟೆ ಎಷ್ಟು ಚಂದ ಇದ್ದರೂ ನೈಟಿಗೆ ಬೆಲ್ಟ್ ಕಟ್ಟಿದ ಹಾಗೆ ಕಾಣುತ್ತದೆ.

ಅಕ್ಕನ ಜೊತೆ ವಾದ ಆದದ್ದು ಚೈನಿನ (ಜಿಪ್ಪಿನ) ಬಗ್ಗೆ. ಅವರಿಗೆ ಬೆನ್ನಿಗೇ ಇಡಬೇಕು. ನನಗೆ ಎಡ ಪಕ್ಕೆಗೆ. ಆ ಕಾಲದ ಎಷ್ಟೋ ಫ್ರಾಕುಗಳಲ್ಲಿ ಅದು ಪಕ್ಕದಲ್ಲೇ ಇರುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಬೆವರಿದ ಬೆನ್ನಿಗೆ ಕೈ ತಿರುಗಿಸಿ ಚೈನ್ ಎಳೆಯುವ ಕಷ್ಟ ಒಬ್ಬರೇ ಇರುವವರಿಗೇ ಗೊತ್ತು. ಕೊನೆಗೆ ನನ್ನ ಮಾತೇ ನಡೆಯಿತು. ಇನ್ನೊಂದು, ಸೊಂಟದ ಒಳಗಡೆ ಗಟ್ಟಿ ರಿಬ್ಬನ್ ಪಟ್ಟಿ ಹೊಲಿಸಿಕೊಂಡು ಅದಕ್ಕೆ ಬೇರೆ ಹುಕ್ ಇಡಿಸಿ. ಸ್ಕರ್ಟಿನ ಭಾರ ಅದು ಹೊರುತ್ತದೆ, ಮೇಲಿನ ಹೊಲಿಗೆ ಜಗ್ಗುವುದಿಲ್ಲ.

ಸ್ಕರ್ಟಿನ ಲೆಕ್ಕ ನಾನೇ ಹಾಕಿ ಕೊಡುತ್ತೇನೆ. ಪೂರ್ತಿ ವೃತ್ತದ ಸ್ಕರ್ಟಿಗೆ ಸೊಂಟದ ಅಳತೆಯನ್ನು 6.28ರಿಂದ ಭಾಗಿಸಿ. ಸೊಂಟ 32 ಇಂಚು ಆದರೆ ಸುಮಾರು 5 ಇಂಚು ಬರುತ್ತದೆ. ನಡುವಿನ ತೂತಿನ ತ್ರಿಜ್ಯ ಅದು. ಅದಕ್ಕೆ ಉದ್ದ 27, ಮಡಿಕೆಗೆ 1 ಸೇರಿಸಿದರೆ 33. ಅಂದರೆ 44 ಇಂಚು ಅಗಲದ ಬಟ್ಟೆಯಲ್ಲಿ 66 ಇಂಚು ಉದ್ದದ ಎರಡು ಅರ್ಧ ವೃತ್ತ, ಒಟ್ಟು ಮೂರೂವರೆ ಮೀಟರ್. ಅರ್ಧ ವೃತ್ತದ ಸ್ಕರ್ಟಿಗಾದರೆ 3.14ರಿಂದ ಭಾಗಿಸಿ, ಎರಡು ಮೀಟರಿನಲ್ಲಿ ಮುಗಿಯುತ್ತದೆ. ಹಳೇ ಪೇಪರಿಗೆ ಗೆರೆ ಹಾಕಿ ಕತ್ತರಿಸಿ ಕೊಟ್ಟುಬಿಟ್ಟರೆ ಟೈಲರಿಗೂ ತಲೆಬಿಸಿ ಇಲ್ಲ. ಸೊಂಟದ ತೂತು ಮಾತ್ರ ಕಾಲು ಇಂಚು ಚಿಕ್ಕದೇ ಇರಲಿ. ಓರೆಯಲ್ಲಿ (ಕ್ರಾಸ್) ಕತ್ತರಿಸಿದ ಬಟ್ಟೆ ಕೈ ಮುಟ್ಟಿದ ಹಾಗೆಲ್ಲ ಹಿಗ್ಗುತ್ತದೆ.

ಅದೇ ಕಾರಣಕ್ಕೆ ಅಂಚು ಮಡಚುವ ಮೊದಲು ಸ್ಕರ್ಟನ್ನು ಒಂದು ರಾತ್ರಿ ನೇತುಹಾಕಲೇಬೇಕು. ಓರೆ ಇರುವ ಕಡೆ ಬಟ್ಟೆ ಇಳಿದು ಅಂಚು ಸೊಟ್ಟ ಆಗುತ್ತದೆ. ಆಮೇಲೆ ಹಾಕಿಕೊಂಡು ನಿಂತು, ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಚಾಕಿನ ಗುರುತು ಮಾಡಿಸಿ, ಅದರ ಪ್ರಕಾರ ಕತ್ತರಿಸಬೇಕು. "ಎಂತಕ್ಕೆ ಇಷ್ಟೆಲ್ಲ, ಈಗಲೇ ಹೊಲಿದು ಕೊಡ್ತೇನೆ" ಅಂತ ಟೈಲರ್ ಹೇಳುತ್ತಾರೆ. ಒಪ್ಪಬೇಡಿ.

ದಿನಾ ಬಸ್ಸಿಗೆ ನನ್ನ ಆಯ್ಕೆ ಅರ್ಧ ವೃತ್ತ. ಪೂರ್ತಿ ವೃತ್ತ ಶನಿವಾರ, ಭಾನುವಾರಕ್ಕೆ. ನಮ್ಮ ಪ್ರೈವೇಟ್ ಬಸ್ಸುಗಳು ಹೇಗೆ ಅಂತ ಗೊತ್ತಲ್ಲ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿರುತ್ತೀರಿ, ಇನ್ನೊಂದು ಕಾಲು ರಸ್ತೆಯಲ್ಲೇ ಇರುತ್ತದೆ, ಅಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" (ಸರಿ, ಹೋಗುವ) ಅಂದಾಗಿರುತ್ತದೆ. ಎಡಗೈಯಲ್ಲಿ ಸ್ಕರ್ಟ್ ಒಂದು ಮುಷ್ಟಿ ಹಿಡಿದೇ ಹತ್ತಬೇಕು. ಒಳಗೆ ಮೊಣಕಾಲಿನವರೆಗೆ ಬರುವ ಕಾಟನ್ ಸೈಕ್ಲಿಂಗ್ ಶಾರ್ಟ್ಸ್ ಖಾಯಂ. ಗಾಳಿಗೂ ಆಯ್ತು, ಸೆಕೆಗೆ ತೊಡೆ ಉಜ್ಜಿ ಉರಿಯುವುದಕ್ಕೂ ಆಯ್ತು. ಸ್ಕೂಟರ್ ಹಿಂದೆ ಕೂರುವವರು ಸೀರೆಗಾರ್ಡ್ ನೋಡಿಕೊಂಡು, ಸ್ಕರ್ಟನ್ನು ಪೂರ್ತಿ ಒಳಗೆ ಸೇರಿಸಿಕೊಂಡೇ ಕೂತುಕೊಳ್ಳಿ. ಇದು ತಮಾಷೆಯಲ್ಲ.

ಸ್ಕರ್ಟ್ ಅರಳಿ ನಿಲ್ಲಬೇಕಾದರೆ ಒಳಲಂಗ ಬೇಕು. ಎಲ್ಲರೂ ಹೇಳುವುದು ನೆಟ್ಟಿನ ಕ್ಯಾನ್‌ಕ್ಯಾನ್. ಮದುವೆ ಹಾಲಿನ ಎಸಿಯಲ್ಲಿ ಅದು ಸರಿ. ಏಪ್ರಿಲ್ ತಿಂಗಳಲ್ಲಿ ಹಂಪನಕಟ್ಟೆಯಲ್ಲಿ ನಡೆದುಕೊಂಡು ಹೋಗಿ ನೋಡಿ, ಕಾಲು ತುಂಬಾ ಬೆವರುಸಾಲೆ. ನನ್ನದು ತೆಳು ಬಿಳಿ ಕಾಟನ್, ಮೂರು ಸುತ್ತು. ಪ್ರತಿ ಸುತ್ತು ಮೇಲಿನದ್ದಕ್ಕಿಂತ ಎರಡರಷ್ಟು ಉದ್ದ ತೆಗೆದುಕೊಂಡು ನೆರಿಗೆ ಹಿಡಿದು ಸೇರಿಸಿದ್ದು. ಕೆಳಗಿನ ಎರಡು ಸುತ್ತಿಗೆ ಮಾತ್ರ ಗಂಜಿ. ಗಂಜಿ ಅಂದ ಕೂಡಲೇ ಮಧ್ಯಾಹ್ನದ ಕುಚ್ಚಲಕ್ಕಿ ತಿಳಿ ಅದ್ದಿಬಿಡಬೇಡಿ, ಬಿಳಿ ಬಟ್ಟೆಗೆ ಕೆಂಪು ಛಾಯೆ ಬರುತ್ತದೆ. ಬೆಳ್ತಿಗೆ ಅಕ್ಕಿಯ ತಿಳಿ ಬೇಕು, ಅದನ್ನೂ ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ. ಅರೆ ಒಣಗಿದಾಗಲೇ ಇಸ್ತ್ರಿ ಹಾಕಿದರೆ ಗರಿಗರಿ ನಿಲ್ಲುತ್ತದೆ.

ಈ ಗಂಜಿ ವಿದ್ಯೆ ನನಗೆ ಬಂದದ್ದು ಪಕ್ಕದ ಮನೆಯ ಆಂಟಿಯಿಂದ. ಅವರು ಬೆಂದೂರಿನಲ್ಲಿ ಬೆಳೆದವರು. ಹಳೇ ಆಲ್ಬಮ್ ತೆಗೆದು ತೋರಿಸಿದರು. ಅಕ್ಕತಂಗಿಯರೆಲ್ಲ ಇಗರ್ಜಿ (ಚರ್ಚ್) ಮುಂದೆ ಸಾಲಾಗಿ ನಿಂತಿದ್ದಾರೆ, ಎಲ್ಲರದ್ದೂ ಸೊಂಟ ಬಿಗಿ ಇರುವ ಫ್ರಾಕು, ಬಿಳಿ ಕಾಲರು, ತೋಳಿಗೆ ಸಣ್ಣ ಪಫ್. ಎಲ್ಲ ಅವರ ಅಮ್ಮ ಮನೆಯ ಮೆಷಿನ್ನಿನಲ್ಲೇ ಹೊಲಿದದ್ದಂತೆ. ನಾನು ಅಮೆರಿಕದ ಚಿತ್ರ ನೋಡಿ ನೋಡಿ ಇಷ್ಟಪಟ್ಟದ್ದು ಇಲ್ಲೇ ಗೋಡೆ ಆಚೆ ಕಪಾಟಿನಲ್ಲಿತ್ತು. "ನಿನ್ನ ಕಾಲರ್ ಮಾತ್ರ ಸರಿ ಇಲ್ಲ, ಒಳಗೆ ಕ್ಯಾನ್ವಾಸ್ ಹಾಕಿಸಿಲ್ಲ ಕಾಣ್ತದೆ" ಅಂದರು ಆಂಟಿ. ಮುಂದಿನ ಫ್ರಾಕಿಗೆ ಹಾಕಿಸಿದೆ. ಅವರ ಮಾತು ನಿಜ.

ಬಟ್ಟೆ ಎಂತದ್ದು ಅಂದರೆ ಕಾಟನ್, ಬೇರೆ ಮಾತಿಲ್ಲ. ಪಾಪ್ಲಿನ್ ಒಳ್ಳೆಯದು, ಸ್ವಲ್ಪ ಬಿರುಸು ಇರುತ್ತದೆ. ಚುಕ್ಕಿ, ಚೆಕ್ಸ್, ಸಣ್ಣ ಹೂವು ಯಾವುದಾದರೂ ಸರಿ. ಹೊಲಿಸುವ ಮೊದಲು ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಸೊಂಟ ಬಿಗಿಯಾಗುತ್ತದೆ. ಕ್ರೇಪ್, ಪಾಲಿಯೆಸ್ಟರ್ ಕಡೆ ತಿರುಗಿಯೂ ನೋಡಬೇಡಿ.

ಉಡುಪಿ ಕೈಮಗ್ಗದ ಸೀರೆಯಲ್ಲೂ ಒಂದು ಸ್ಕರ್ಟ್ ಮಾಡಿಸಿದ್ದೇನೆ. ಅಮ್ಮನ ಸೀರೆ, ಸೆರಗಿನ ಕಡೆ ಹರಿದಿತ್ತು. ಇಂಥ ಅಂಚಿನ ಬಟ್ಟೆಯನ್ನು ವೃತ್ತದಲ್ಲಿ ಕತ್ತರಿಸಲು ಆಗುವುದಿಲ್ಲ. ಸೀರೆಯ ಅಂಚು ನೇರ, ವೃತ್ತದ ಸ್ಕರ್ಟಿನ ಕೆಳಭಾಗ ದುಂಡು, ಅಂಚೆಲ್ಲ ಕತ್ತರಿಗೆ ಹೋಗುತ್ತದೆ. ಅದಕ್ಕೆ ಮೂರು ಮೀಟರ್ ಬಟ್ಟೆಯನ್ನು ಉದ್ದಕ್ಕೇ ಇಟ್ಟು, ಅಂಚು ಕೆಳಗೆ ಬರುವ ಹಾಗೆ, ಸೊಂಟಕ್ಕೆ ನೆರಿಗೆ ಹಿಡಿಸಿದೆ. ಇದೂ 50ರ ದಶಕದ ಸ್ಕರ್ಟೇ. ಉಳಿದ ಬಟ್ಟೆಯಲ್ಲಿ ಬೋಟ್ ನೆಕ್ ಬ್ಲೌಸ್ ಆಯಿತು. ಅಮ್ಮ ಕತ್ತರಿ ಹಾಕುವವರೆಗೆ ಸಿಟ್ಟಿನಲ್ಲಿದ್ದರು, ಹೊಲಿದು ತಂದ ಮೇಲೆ "ಇದನ್ನು ನನ್ನ ಅಳತೆಗೇ ಹೊಲಿಸಬಹುದಿತ್ತು" ಅಂದರು.

ತಲೆಗೂದಲಿನ ವಿಷಯದಲ್ಲಿ ನಾನು ಸೋಮಾರಿ. ಹಣೆಯ ಮೇಲೆ ಸುರುಳಿ ಸುತ್ತುವ ವಿಕ್ಟರಿ ರೋಲ್ ನಮ್ಮ ಹವೆಗೆ ಮಧ್ಯಾಹ್ನದ ತನಕವೂ ನಿಲ್ಲುವುದಿಲ್ಲ, ಸ್ಪ್ರೇ ಹೊಡೆದರೆ ಬೆವರಿಗೆ ಅಂಟು ಅಂಟು. ನನ್ನ ಉಪಾಯ ತಲೆಗೆ ಕಟ್ಟುವ ಸ್ಕಾರ್ಫ್. ಯುದ್ಧಕಾಲದಲ್ಲಿ ಫ್ಯಾಕ್ಟರಿ ಹೆಂಗಸರು ಕೂದಲು ಮೆಷಿನ್ನಿಗೆ ಸಿಗದ ಹಾಗೆ ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ಗಂಟು. ಸ್ಕಾರ್ಫ್ ದುಡ್ಡು ಕೊಟ್ಟು ತರಬೇಡಿ. ಪೂಜೆ, ಗೃಹಪ್ರವೇಶ ಅಂತ ಕೊಟ್ಟ ಬ್ಲೌಸ್ ಪೀಸುಗಳು ಪ್ರತಿ ಮನೆಯ ಕಪಾಟಿನಲ್ಲೂ ರಾಶಿ ಬಿದ್ದಿರುತ್ತವೆ. ಎಂಬತ್ತು ಸೆಂಟಿಮೀಟರ್ ಚೌಕ ಕತ್ತರಿಸಿ, ಸುತ್ತ ಪೀಕೋ ಹಾಕಿಸಿ, ಮೂಲೆಗೆ ಮೂಲೆ ಮಡಚಿ ಕುತ್ತಿಗೆ ಹಿಂದಿನಿಂದ ತಂದು ಹಣೆ ಮೇಲೆ ಗಂಟು. ಕಿವಿ ಪಕ್ಕದ ಹೂವಿಗೆ ಪ್ಲಾಸ್ಟಿಕ್ ಯಾಕೆ? ಒಂದು ತುಂಡು ಶಂಕರಪುರ ಮಲ್ಲಿಗೆ ಸಾಕು. ರೇಟು ಏರಿದ ದಿನ ಅಬ್ಬಲಿಗೆ.

ಮುಖಕ್ಕೆ ಕಣ್ಣಿನ ತುದಿಯಲ್ಲಿ ಮೇಲೆ ಏರಿದ ಐಲೈನರ್, ತುಟಿಗೆ ಕೆಂಪು. ಕಾಡಿಗೆ ಕರಗುತ್ತದೆ, ವಾಟರ್‌ಪ್ರೂಫೇ ಬೇಕು. ನಮ್ಮ ಮೈಬಣ್ಣಕ್ಕೆ ಇಟ್ಟಿಗೆ ಕೆಂಪು ನನಗೆ ಜಾಸ್ತಿ ಇಷ್ಟ. ಅಷ್ಟು ಸಾಕು, ಫೌಂಡೇಶನ್ ಎಲ್ಲ ಬೆವರಿನಲ್ಲಿ ಇಳಿದುಹೋಗುತ್ತದೆ.

ಜನ ಎಂತ ಹೇಳುತ್ತಾರೆ ಅಂತ ಕೇಳುವವರಿಗೆ: ಹೇಳುತ್ತಾರೆ. ಹೆಣ್ಣುಮಕ್ಕಳ ಬಟ್ಟೆ ಬಗ್ಗೆ ಮಾತಾಡುವವರಿಗೆ ನಮ್ಮೂರಲ್ಲಿ ಬರ ಇಲ್ಲ. ಆಫೀಸಿನಲ್ಲಿ ಮೊದಲು "ಇವತ್ತೆಂತ ಬರ್ತ್‌ಡೇಯಾ?" ಅಂತ ಕೇಳುತ್ತಿದ್ದರು. ದಿನಾ ನೋಡಿ ಅವರಿಗೂ ಅಭ್ಯಾಸ ಆಯಿತು. ದೇವಸ್ಥಾನಕ್ಕೆ ಸೀರೆಯೇ ಉಡುತ್ತೇನೆ, ಪಫ್ ತೋಳಿನ ಚುಕ್ಕಿ ಬ್ಲೌಸ್ ಜೊತೆಗೆ. ಮೀನು ಮಾರ್ಕೆಟಿಗೆ ಹೋದರೆ ಮಾತ್ರ ಎಲ್ಲರಿಗಿಂತ ಜಾಸ್ತಿ ಮರ್ಯಾದೆ. "ಬನ್ನಿ ಬಾಯಿ" ಅಂತ, ಅಮ್ಮಾ ಅನ್ನುವ ಹಾಗೆ ಗೌರವದಿಂದ ಕರೆಯುತ್ತಾರೆ. ಬಂಗುಡೆ ರೇಟಿನಲ್ಲಿ ಏನೂ ಕಡಿಮೆ ಮಾಡುವುದಿಲ್ಲ.

ಮಳೆಗಾಲಕ್ಕೆ ಘೇರಿನ ಸ್ಕರ್ಟುಗಳನ್ನು ಎತ್ತಿಡುವಾಗ ಗಂಜಿ ಪೂರ್ತಿ ಹೋಗುವ ಹಾಗೆ ಒಗೆದು, ಮೇ ತಿಂಗಳ ಬಿಸಿಲಿನಲ್ಲಿ ಖಡಕ್ಕಾಗಿ ಒಣಗಿಸಿ, ಹಳೇ ಕಾಟನ್ ಬೆಡ್‌ಶೀಟಿನಲ್ಲಿ ಸುತ್ತಿಡಿ. ಗಂಜಿ ಉಳಿದರೆ ಬೂಸ್ಟು ಗ್ಯಾರಂಟಿ, ಬೆಳ್ಳಿಹುಳವೂ ಬರುತ್ತದೆ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.

ಸದ್ಯ ಟೈಲರ್ ಅಕ್ಕನ ಹತ್ತಿರ ಒಂದು ಪೆನ್ಸಿಲ್ ಸ್ಕರ್ಟ್ ಇದೆ, ಮಳೆ ಶುರುವಾಗುವ ಮೊದಲು ಕೊಡುತ್ತೇನೆ ಅಂದಿದ್ದಾರೆ. ಅದರ ಜೊತೆಗೆ ಸೊಂಟ ಬಿಗಿದ ಉದ್ದ ಕೋಟು ಹೊಲಿಸುವ ಆಸೆ ಬಹಳ ಕಾಲದಿಂದ ಉಂಟು. ಆದರೆ ಮಂಗಳೂರಿನಲ್ಲಿ ಕೋಟು ಹಾಕುವ ದಿನ ಯಾವುದು ಅಂತ ಯಾರಾದರೂ ಹೇಳಿ ಮಾರಾಯ್ರೆ.